ಹೆಸರು ಹೇಳಿ ನಿಂತವರು

ಪ್ರತಿದಿನ ಬೆಳಗ್ಗೆ ನಾವು ಉಪಾಧ್ಯಾಯರು ಹಾಜರಿ ಪುಸ್ತಕವನ್ನು ತೆರೆದು ಒಂದೊಂದೇ ಹೆಸರನ್ನು ಕೂಗುತ್ತೇವೆ. ಮಗು ಎದ್ದು ನಿಂತು ‘ಹಾಜರ್ ಸಾರ್’ ಎನ್ನುತ್ತದೆ. ಇದರಲ್ಲಿ ವಿಶೇಷವೇನೂ ನಮಗೆ ಕಾಣುವುದಿಲ್ಲ. ಆದರೆ ತಮ್ಮ ಹೆಸರನ್ನೂ ತಮ್ಮ ಸ್ವಭಾವವನ್ನೂ ಒಟ್ಟಿಗೆ ಹೇಳಿಕೊಂಡು ಎದ್ದು ನಿಲ್ಲಲಾರದೆ ಬಾಳಿದವರು ನಮ್ಮ ನಡುವೆಯೇ ಇದ್ದರು, ಈಗಲೂ ಇದ್ದಾರೆ. ಗಂಡು ಗಂಡನ್ನೇ, ಹೆಣ್ಣು ಹೆಣ್ಣನ್ನೇ ಒಲಿಯುವ ಸ್ವಭಾವದವರ ಮಾತು ಇದು. ರೂಢಿಯಲ್ಲಿ ಇವರನ್ನು ‘ಸಲಿಂಗಕಾಮಿಗಳು’ ಎನ್ನುತ್ತಾರೆ. ಒಬ್ಬ ಮನುಷ್ಯನ ಬಾಳನ್ನೆಲ್ಲ ಕಾಮವೆಂಬ ಒಂದೇ ಪದದಲ್ಲಿ ಮುಗಿಸುವುದು ಉಚಿತವಲ್ಲವಾದುದರಿಂದ ನಾನು ‘ಸಲಿಂಗಾನುರಾಗಿಗಳು’ ಎನ್ನುತ್ತೇನೆ. ಇವರು ನ್ಯಾಯಾಲಯದ ಮುಂದೆ ಹೆಸರು ಹೇಳಿ ನಿಲ್ಲಲು ಎಷ್ಟು ಕಾಲ ಬೇಕಾಯಿತು, ನಿಂತುದರಿಂದ ಏನಾಯಿತು ಎಂಬುದನ್ನು ಸಂಕ್ಷೇಪವಾಗಿ ನೋಡೋಣ.

ಕಥೆಯ ಮೊದಲು ಇಂಗ್ಲೆಂಡಿನಲ್ಲಿದೆ. 1533ರಲ್ಲಿ, ಎಂಟನೆಯ ಹೆನ್ರಿ ದೊರೆಯ ಕಾಲದಲ್ಲಿ, ಗಂಡಸರ ನಡುವಿನ ಇಂಥ ಸಂಬಂಧಕ್ಕೆ ಮರಣದಂಡನೆಯನ್ನು ವಿಧಿಸುವ ಶಾಸನವು ಅಲ್ಲಿ ಹುಟ್ಟಿತು. ಮುಂದೆ ಭಾರತಕ್ಕೆಂದು ಲಾರ್ಡ್ ಮೆಕಾಲೆಯ ಮುಂದಾಳುತನದಲ್ಲಿ ದಂಡಸಂಹಿತೆಯ ಕರಡು 1837ರಲ್ಲಿ ಸಿದ್ಧವಾಯಿತು. ಅದು ಹಲವು ತಿದ್ದುಪಡಿಗಳನ್ನು ಕಂಡು, 1860ರಲ್ಲಿ ಶಾಸನವಾಗಿ, 1862ರ ಜನವರಿ 1ರಂದು ಜಾರಿಗೆ ಬಂದಿತು. ಅದರ 377ನೆಯ ಕಲಮು ‘ಪ್ರಕೃತಿಯ ಕ್ರಮಕ್ಕೆ ವಿರುದ್ಧವಾದ’ ದೇಹಸಂಪರ್ಕವನ್ನು ಅಪರಾಧವೆಂದು ಸಾರಿತು. ಆಜೀವ ಸೆರೆವಾಸ, ಇಲ್ಲವೆ ಹತ್ತು ವರ್ಷಗಳವರೆಗಿನ ಸೆರೆವಾಸ, ಜೊತೆಗೆ ದಂಡ: ಇದು ಶಿಕ್ಷೆ. ಇಬ್ಬರೂ ಪ್ರಾಪ್ತವಯಸ್ಕರು, ಇಬ್ಬರೂ ಮನಸಾರೆ ಒಪ್ಪಿದವರು ಎಂಬುದು ಅಲ್ಲಿ ಲೆಕ್ಕಕ್ಕೇ ಇರಲಿಲ್ಲ. ಇಂಗ್ಲೆಂಡಿನಲ್ಲಿ ವುಲ್ಫೆಂಡೆನ್ ಸಮಿತಿಯು ಇಂಥ ಕಾನೂನು ಬೇಡವೆಂದು 1957ರಲ್ಲಿ ವರದಿ ಮಾಡಿತು. 1967ರಲ್ಲಿ ಅಲ್ಲಿಯ ಕಾನೂನು ಸಡಿಲವಾಯಿತು. ಕೊಟ್ಟವರು ಬಿಟ್ಟರು, ಪಡೆದ ನಾವು ಬಿಡಲಿಲ್ಲ.

ನಮ್ಮ ದೇಶದಲ್ಲಿ ಈ ವಿಷಯವನ್ನು ಕುರಿತು ಮೊದಮೊದಲು ಧೈರ್ಯವಾಗಿ ಬರೆದವರಲ್ಲಿ ನಮ್ಮ ಬೆಂಗಳೂರಿನಲ್ಲಿ ಹುಟ್ಟಿದ ಶಕುಂತಲಾದೇವಿಯವರೂ ಒಬ್ಬರೆಂಬುದು ಅನೇಕರಿಗೆ ತಿಳಿಯದು. ಗಣಿತದ ಅದ್ಭುತ ಪ್ರತಿಭೆಗಾಗಿ ಲೋಕವೆಲ್ಲ ಕೊಂಡಾಡಿದ ಈ ಮಹಿಳೆ 1977ರಲ್ಲಿ ಸಲಿಂಗಾನುರಾಗಿಗಳ ಬದುಕನ್ನು ಕುರಿತು ಇಂಗ್ಲಿಷಿನಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಕಾನೂನು ಹೋಗಬೇಕು, ಬರಿಯ ಸಹನೆ ಸಾಲದು, ಪೂರ್ಣ ಸ್ವೀಕಾರ ಬೇಕು ಎಂಬುದು ಅವರ ಅಭಿಪ್ರಾಯ. ಆಗ ಆ ಪುಸ್ತಕವನ್ನು ಗಮನಿಸಿದವರು ಕಡಿಮೆ.

ನ್ಯಾಯಾಲಯದ ಬಾಗಿಲನ್ನು ಮೊದಲು ತಟ್ಟಿದುದು ಏಡ್ಸ್ ಭೇದಭಾವ ವಿರೋಧಿ ಆಂದೋಲನವೆಂಬ ದೆಹಲಿಯ ಸಂಸ್ಥೆ, 1994ರಲ್ಲಿ. ಆ ಅರ್ಜಿ ಮುಂದುವರಿಯಲಿಲ್ಲ. 2001ರಲ್ಲಿ ನಾಜ್ ಫೌಂಡೇಷನ್ ಎಂಬ ಮತ್ತೊಂದು ಸಂಸ್ಥೆ ದೆಹಲಿ ಹೈಕೋರ್ಟಿಗೆ ಹೋಯಿತು. ರೋಗ ತಡೆಯುವ ಕೆಲಸಕ್ಕೆ ಈ ಕಾನೂನೇ ಅಡ್ಡಿ, ಹೆದರಿದವರು ವೈದ್ಯರ ಬಳಿಗೂ ಬರುವುದಿಲ್ಲ ಎಂಬುದು ಅದರ ವಾದ. 2004ರಲ್ಲಿ ಹೈಕೋರ್ಟು ಅರ್ಜಿಯನ್ನು ತಳ್ಳಿಹಾಕಿತು. ನೋವು ತಿಂದವರು ನೀವಲ್ಲವಲ್ಲ, ಬರಿಯ ತರ್ಕಕ್ಕಾಗಿ ಕಾನೂನನ್ನು ಪರೀಕ್ಷಿಸಲಾಗದು ಎಂಬುದು ಅದರ ಸಾರ.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ನೋವು ತಿಂದವನು ತಾನೇ ಬರಬೇಕು ಎಂದರೆ, ಅವನು ಬಂದು ಏನು ಹೇಳಬೇಕು? ‘ಸ್ವಾಮಿ, ನಾನು ಇಂಥವನು’ ಎನ್ನಬೇಕು. ಹಾಗೆಂದೊಡನೆ ಅಪರಾಧದ ನೆರಳು ಅವನ ಮೇಲೆ ಬೀಳುತ್ತದೆ. ದೂರು ಕೊಡಲು ಬಾಯಿ ತೆರೆದರೆ ಆ ಬಾಯೇ ತನಗೆ ವಿರುದ್ಧವಾದ ಸಾಕ್ಷಿ! ಈ ಕಾನೂನಿನ ನಿಜವಾದ ಬಲವಿದ್ದುದು ಸೆರೆಮನೆಯಲ್ಲಿ ಅಲ್ಲ, ಈ ಮೌನದಲ್ಲಿ.

2006ರಲ್ಲಿ ಸುಪ್ರೀಂ ಕೋರ್ಟು, ವಿಷಯವನ್ನು ವಿಚಾರಿಸಿಯೇ ತೀರ್ಮಾನಿಸಬೇಕೆಂದು ಅರ್ಜಿಯನ್ನು ಹೈಕೋರ್ಟಿಗೆ ಮರಳಿ ಕಳುಹಿಸಿತು. 2009ರ ಜುಲೈ 2ರಂದು ನ್ಯಾಯಮೂರ್ತಿಗಳಾದ ಎ. ಪಿ. ಷಾ ಮತ್ತು ಎಸ್. ಮುರಳೀಧರ್ ಅವರು, ಪ್ರಾಪ್ತವಯಸ್ಕರ ಸಮ್ಮತಿಯ ಖಾಸಗಿ ಸಂಬಂಧವು ಅಪರಾಧವಲ್ಲ ಎಂದು ತೀರ್ಪಿತ್ತರು. ಅದರ ಮೇಲೆ ಅಪೀಲುಗಳು ಹೋದವು. ಆಗ ಸಲಿಂಗಾನುರಾಗಿಗಳ ತಂದೆ ತಾಯಿಯರು ಕೆಲವರು ತಾವಾಗಿ ಸುಪ್ರೀಂ ಕೋರ್ಟಿಗೆ ಬಂದು, ನಮ್ಮ ಮಕ್ಕಳು ಅಪರಾಧಿಗಳಲ್ಲವೆಂದು ಮೊರೆಯಿಟ್ಟರು. ಆದರೂ 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟು ಹೈಕೋರ್ಟಿನ ತೀರ್ಪನ್ನು ರದ್ದುಪಡಿಸಿತು. ಇಂಥವರ ಸಂಖ್ಯೆ ಅತ್ಯಲ್ಪ, ನೂರೈವತ್ತು ವರ್ಷಗಳಲ್ಲಿ ಮೊಕದ್ದಮೆಗೆ ಗುರಿಯಾದವರು 200ಕ್ಕಿಂತ ಕಡಿಮೆ ಎಂಬುದು ಅದು ಕೊಟ್ಟ ಕಾರಣಗಳಲ್ಲೊಂದು. ಆದರೆ ಬಾಯಿ ಕಟ್ಟಿದವರನ್ನು ಎಣಿಸುವುದು ಹೇಗೆ?

ಈ ಪ್ರಶ್ನೆಗೆ ಉತ್ತರ 2016ರಲ್ಲಿ ಬಂದಿತು. ಭರತನಾಟ್ಯ ಕಲಾವಿದ ನವತೇಜ್ ಸಿಂಗ್ ಜೋಹರ್, ಪತ್ರಕರ್ತ ಸುನಿಲ್ ಮೆಹ್ರಾ, ಪಾಕಪ್ರವೀಣೆ ರಿತು ದಾಲ್ಮಿಯಾ, ಹೋಟೆಲು ಉದ್ಯಮದ ಅಮನ್ ನಾಥ್, ವಾಣಿಜ್ಯರಂಗದ ಆಯೇಷಾ ಕಪೂರ್ ಎಂಬ ಐವರು ತಮ್ಮ ಸ್ವಂತ ಹೆಸರಿನಲ್ಲಿ ಅರ್ಜಿ ಹಾಕಿದರು. ಇವರಲ್ಲಿ ಜೋಹರ್ ಮತ್ತು ಮೆಹ್ರಾ ಎರಡು ದಶಕಗಳಿಗೂ ಮೀರಿ ಜೊತೆಯಾಗಿ ಬಾಳಿದವರು. ಅದೇ ವರ್ಷ ನಮ್ಮ ಕರ್ನಾಟಕದ ಅಕ್ಕೈ ಪದ್ಮಶಾಲಿಯವರೂ ಜೊತೆಗಾರರೊಡನೆ ಲಿಂಗಾಂತರಿಗಳ ಪರವಾಗಿ ಅರ್ಜಿ ಸಲ್ಲಿಸಿದರು. ನೋವು ತಿಂದವರು ಯಾರು ಎಂದು ಕೇಳಿದ್ದ ನ್ಯಾಯಪೀಠಕ್ಕೆ ಇವರು ‘ನಾವು ಹಾಜರು’ ಎಂದರು.

ಇನ್ನೊಂದು ಕಡೆಯಿಂದಲೂ ಸಹಾಯ ಒದಗಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿದ್ದರು. ಆ ವ್ಯಾಜ್ಯದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿ ಬದುಕು ಮೂಲಭೂತ ಹಕ್ಕೆಂದು ಸಾರಿತು. ಅಲ್ಪಸಂಖ್ಯೆಯ ಕಾರಣ ಹೇಳಿ ಹಕ್ಕನ್ನು ನಿರಾಕರಿಸಲಾಗದೆಂಬ ಮಾತೂ ಆ ತೀರ್ಪಿನಲ್ಲಿ ಬಂದಿತು. ಒಂದು ಹೊಲಕ್ಕೆಂದು ತೋಡಿದ ಕಾಲುವೆ ಪಕ್ಕದ ಹೊಲಕ್ಕೂ ನೀರುಣಿಸಿದಂತಾಯಿತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳು ಒಮ್ಮತದಿಂದ, ಸಮ್ಮತಿಯುಳ್ಳ ಪ್ರಾಪ್ತವಯಸ್ಕರಿಗೆ 377ನೆಯ ಕಲಮು ಅನ್ವಯಿಸದೆಂದು ತೀರ್ಪಿತ್ತರು. ಇವರಿಗೂ ಇವರ ಕುಟುಂಬಗಳಿಗೂ ಇತಿಹಾಸವು ಕ್ಷಮೆ ಕೇಳಬೇಕಾಗಿದೆ ಎಂದು ಆ ಪೀಠದ ಇಂದು ಮಲ್ಹೋತ್ರಾ ಅವರು ಬರೆದರು. 2024ರ ಜುಲೈ 1ರಂದು ಹಳೆಯ ದಂಡಸಂಹಿತೆಗೆ ಬದಲಾಗಿ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮೇ ಇಲ್ಲ.

ಅಪರಾಧಿಯಲ್ಲ ಎನ್ನಿಸಿಕೊಳ್ಳುವುದು ಬೇರೆ, ಸಮಾನನೆನ್ನಿಸಿಕೊಳ್ಳುವುದು ಬೇರೆ. ಮದುವೆಯ ಹಕ್ಕನ್ನು ಕೇಳಿದವರಿಗೆ ಸುಪ್ರೀಂ ಕೋರ್ಟು 2023ರ ಅಕ್ಟೋಬರ್ 17ರಂದು, ಅದು ಶಾಸನಸಭೆಗೆ ಬಿಟ್ಟ ವಿಷಯವೆಂದು ಹೇಳಿತು. ದಾರಿ ಇನ್ನೂ ಉಳಿದಿದೆ.

ಕೊನೆಗೆ ನನ್ನದೊಂದು ತಪ್ಪೊಪ್ಪಿಗೆ. ಬಹಳ ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಮೃದು ಸ್ವಭಾವದ ಒಬ್ಬ ಹುಡುಗನಿದ್ದ. ಅವನು ಎದ್ದು ಹಾಜರಿ ಹೇಳುವಾಗ ಉಳಿದವರು ಅವನ ದನಿಯನ್ನು ಅಣಕಿಸಿ ನಗುತ್ತಿದ್ದರು. ಗದರಿಸಬೇಕಾಗಿದ್ದ ನಾನೂ ಒಮ್ಮೆ ನಕ್ಕುಬಿಟ್ಟೆ. ಮಾರನೆಯ ದಿನದಿಂದ ಅವನು ಎದ್ದು ನಿಂತು ತಲೆಯಾಡಿಸುತ್ತಿದ್ದನೇ ಹೊರತು ಬಾಯಿ ಬಿಡಲಿಲ್ಲ. ಮುಂದೆ ಅವನೇನಾದನೋ ನಾನು ಕಾಣೆ. ಅವನ ಸ್ವಭಾವವೇನೆಂದು ನಾನು ಕೇಳಿದವನೂ ಅಲ್ಲ. ಆದರೆ ಒಂದು ಮಗುವಿನ ಬಾಯಿ ಕಟ್ಟಲು ಯಾವ ಕಲಮೂ ಬೇಕಾಗಿರಲಿಲ್ಲ, ಮೇಷ್ಟರ ಒಂದು ನಗೆ ಸಾಕಾಗಿತ್ತು. ನ್ಯಾಯಾಲಯವು ತನ್ನ ತಪ್ಪನ್ನು ತಿದ್ದಿಕೊಂಡಿದೆ. ನಮ್ಮ ನಮ್ಮ ಮನೆಗಳಲ್ಲಿ, ಶಾಲೆಗಳಲ್ಲಿ, ಒಂದು ಮಗು ಹೇಳಲಾರದೆ ಹೇಳಲು ಬಂದಾಗ ನಗದೆ, ಗದರದೆ, ಕುಳಿತು ಕೇಳುವುದು ನಮ್ಮ ಪಾಲಿಗೆ ಉಳಿದಿರುವ ಕೆಲಸ.