ಬೆಂಗಳೂರಿನ ಫುಟ್‌ಬಾಲ್: ಆಟಗಾರರ ವಲಸೆ, ಹಣದ ಕಟ್ಟುಪಾಡು

ಬೆಂಗಳೂರಿನ ಫುಟ್‌ಬಾಲ್ ತಂಡಗಳಿಗೆ ಆಟಗಾರರ ಬರ ಬಂದದ್ದು ಕಡಿಮೆ. ಬೆಳೆಸಿದವರನ್ನು ಉಳಿಸಿಕೊಳ್ಳುವುದೇ ಅವುಗಳಿಗೆ ಮೊದಲಿನಿಂದಲೂ ಕಷ್ಟವಾಗಿದೆ. ಕಾರಣ ಮಾತ್ರ ಕಾಲಕಾಲಕ್ಕೆ ಬದಲಾಗುತ್ತ ಬಂತು. ಸ್ವಾತಂತ್ರ್ಯದ ಆಸುಪಾಸಿನಲ್ಲಿ ಕಲ್ಕತ್ತಾದ ದೊಡ್ಡ ಕ್ಲಬ್‌ಗಳು ಇಲ್ಲಿನವರನ್ನು ಕರೆದೊಯ್ದವು. ಆಮೇಲೆ ಸರ್ಕಾರಿ ಕಾರ್ಖಾನೆಗಳ ನೌಕರಿ ಅವರನ್ನು ಊರಿನಲ್ಲೇ ಹಿಡಿದಿಟ್ಟಿತು. ಆ ನೌಕರಿ ನಿಂತ ಮೇಲೆ ಬಂದ ವೃತ್ತಿಪರ ಕ್ಲಬ್‌ಗಳ ಕಾಲದಲ್ಲಿ ಯಾವ ಆಟಗಾರ ಎಲ್ಲಿ ಆಡಬೇಕೆಂಬುದನ್ನು ಹರಾಜು, ಡ್ರಾಫ್ಟ್ ಮತ್ತು ವೇತನ ಮಿತಿಗಳು ನಿರ್ಧರಿಸತೊಡಗಿದವು.

ಆಟ ಈ ಊರಿಗೆ ಬಂದದ್ದು ದಂಡಿನ ಜೊತೆ. ಕಂಟೋನ್ಮೆಂಟಿನ ಬ್ರಿಟಿಷ್ ಪಡೆಗಳು ಮೈದಾನದಲ್ಲಿ ಆಡುತ್ತಿದ್ದರೆ ಸುತ್ತಲಿನ ಹಲಸೂರು, ಶಿವಾಜಿನಗರ, ಆಸ್ಟಿನ್ ಟೌನ್, ಮರ್ಫಿ ಟೌನ್‌ಗಳ ಹುಡುಗರು ನೋಡಿ ಕಲಿತರು. ಹಲಸೂರಿನ ಗೌತಮಪುರದಲ್ಲಿ ಇಂದಿಗೂ ಬುದ್ಧ, ಅಂಬೇಡ್ಕರ್, ಮದರ್ ತೆರೇಸಾ ಅವರ ಪ್ರತಿಮೆಗಳ ಸಾಲಿನಲ್ಲಿ ಚೆಂಡು ಹಿಡಿದ ಪೆಲೆಯ ಪ್ರತಿಮೆಯೂ ಇದೆ. ಕೂಲಿ ಮತ್ತು ಸಣ್ಣ ನೌಕರಿಯ ಕುಟುಂಬಗಳೇ ಹೆಚ್ಚಿದ್ದ ಈ ಕೇರಿಗಳಿಂದ ತಲೆಮಾರುಗಳ ಕಾಲ ರಾಜ್ಯ ತಂಡಕ್ಕೂ ದೇಶದ ತಂಡಕ್ಕೂ ಆಟಗಾರರು ಹೋದರು. ಅವರಲ್ಲಿ ಬಹುಪಾಲು ಮಂದಿಯ ಹೆಸರು ಆ ಕೇರಿಗಳಾಚೆ ಯಾರಿಗೂ ಗೊತ್ತಾಗದೆ ಹೋದದ್ದು ಬೇಸರದ ಸಂಗತಿ.

ಬೆಂಗಳೂರಿನ ಮೊದಲ ದೊಡ್ಡ ಗೆಲುವು ಬಂದದ್ದು ಬಾಂಬೆಯ ರೋವರ್ಸ್ ಕಪ್‌ನಲ್ಲಿ. 1891ರಲ್ಲಿ ಶುರುವಾದ ಆ ಪಂದ್ಯಾವಳಿಯನ್ನು ಸುಮಾರು ಅರ್ಧ ಶತಮಾನ ಯಾವ ಭಾರತೀಯ ತಂಡವೂ ಗೆದ್ದಿರಲಿಲ್ಲ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಗೆದ್ದು ಆ ಸಾಲನ್ನು ಮುರಿಯಿತು, ಮರುವರ್ಷ ಕಪ್ಪನ್ನು ಉಳಿಸಿಕೊಂಡಿತು, 1948ರಲ್ಲಿ ಮತ್ತೊಮ್ಮೆ ಗೆದ್ದಿತು. ರಾಜ್ಯ ತಂಡಗಳ ಪಂದ್ಯಾವಳಿಯಾದ ಸಂತೋಷ್ ಟ್ರೋಫಿಯನ್ನು ಮೈಸೂರು ತಂಡ 1946–47ರಲ್ಲಿ ಮೊದಲ ಸಲ, 1952–53ರಲ್ಲಿ ಎರಡನೇ ಸಲ ಗೆದ್ದಿತು. ಈ ಗೆಲುವುಗಳೇ ಹೊರಗಿನವರ ಕಣ್ಣು ಇತ್ತ ಹೊರಳುವಂತೆ ಮಾಡಿದವು.

1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಪರ ಗೋಲು ಹೊಡೆದವರು ಮೈಸೂರು ತಂಡದ ಎಸ್. ರಾಮನ್. ಒಲಿಂಪಿಕ್ಸ್ ಫುಟ್‌ಬಾಲ್‌ನಲ್ಲಿ ದೇಶಕ್ಕೆ ಬಂದ ಮೊದಲ ಗೋಲು ಅದು. ಅದೇ ತಂಡದಲ್ಲಿ ಬರಿಗಾಲಲ್ಲಿ ಆಡಿದ ಅಹ್ಮದ್ ಖಾನ್ ಬೆಂಗಳೂರಿನವರು. 1949ರಲ್ಲಿ ಅವರು ಕಲ್ಕತ್ತಾದ ಈಸ್ಟ್ ಬೆಂಗಾಲ್ ಸೇರಿದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಮತ್ತು ಅಹ್ಮದ್ ಖಾನ್ ಸೇರಿದ ಮುಂಚೂಣಿ ಸಾಲಿಗೆ ಕಲ್ಕತ್ತಾದ ಜನ ಪಂಚಪಾಂಡವರೆಂದೇ ಹೆಸರಿಟ್ಟರು. ಅಹ್ಮದ್ ಖಾನ್ ಸುಮಾರು ಹತ್ತು ವರ್ಷ ಅಲ್ಲೇ ಆಡಿದರು. ಬೆಂಗಳೂರಿನ ಆ ತಲೆಮಾರಿನ ಅತ್ಯುತ್ತಮ ಆಟವನ್ನು ನೋಡುವ ಭಾಗ್ಯ ಸಿಕ್ಕಿದ್ದು ಕಲ್ಕತ್ತಾದ ಮೈದಾನಕ್ಕೆ.

ಆಗ ಆಟಗಾರರೆಲ್ಲ ಕಾಗದದ ಮೇಲೆ ಹವ್ಯಾಸಿಗಳು. ಕ್ಲಬ್ಬು ಸಂಬಳವೆಂದು ಕೊಡುವಂತಿರಲಿಲ್ಲ. ಅದರ ಬದಲಿಗೆ ಇರಲು ಮನೆ, ಊಟ, ಯಾವುದಾದರೂ ಕಂಪನಿಯಲ್ಲಿ ಕೆಲಸ, ಕೈಗೆ ಒಂದಿಷ್ಟು ದುಡ್ಡು ಸಿಗುತ್ತಿತ್ತು. ಕಲ್ಕತ್ತಾದಲ್ಲಿ ವರ್ಷಕ್ಕೊಮ್ಮೆ ವರ್ಗಾವಣೆಯ ದಿನಗಳು ಬರುತ್ತಿದ್ದವು. ಆಟಗಾರ ಸ್ವತಃ ಸಂಘದ ಕಚೇರಿಗೆ ಹೋಗಿ ಸಹಿ ಹಾಕಬೇಕಿತ್ತು. ಎದುರಾಳಿ ಕ್ಲಬ್ಬಿನವರು ಮನಸ್ಸು ತಿರುಗಿಸಿಬಿಟ್ಟಾರು ಎಂಬ ಭಯದಿಂದ ಸಹಿಯ ದಿನದವರೆಗೂ ಆಟಗಾರರನ್ನು ಗುಟ್ಟಾಗಿ ಮನೆಗಳಲ್ಲಿ ಇರಿಸುವುದೂ ಇತ್ತು. ಈ ಪೈಪೋಟಿಯಲ್ಲಿ ಬೆಂಗಳೂರಿನ ಕ್ಲಬ್‌ಗಳಿಗೆ ಪಾತ್ರವೇ ಇರಲಿಲ್ಲ. ಬೆಳೆಸಿದ ಕ್ಲಬ್ಬಿಗೆ ಪರಿಹಾರ ಕೊಡಬೇಕೆಂಬ ನಿಯಮವೂ ಇಲ್ಲದ್ದರಿಂದ ಹೋದವನ ಲೆಕ್ಕದಲ್ಲಿ ಒಂದು ಕಾಸೂ ಹಿಂದಿರುಗುತ್ತಿರಲಿಲ್ಲ.

ಈ ಹರಿವಿಗೆ ಅಣೆಕಟ್ಟಾದದ್ದು ಬೆಂಗಳೂರಿನ ಕಾರ್ಖಾನೆಗಳು ಮತ್ತು ಸರ್ಕಾರಿ ಸಂಸ್ಥೆಗಳು. ಹಿಂದುಸ್ತಾನ್ ಏರೋನಾಟಿಕ್ಸ್ (ಎಚ್‌ಎಎಲ್), ದೂರವಾಣಿನಗರದಲ್ಲಿ ಟೆಲಿಫೋನ್ ತಯಾರಿಸುತ್ತಿದ್ದ ಐಟಿಐ, ರಾಡಾರ್ ಸಂಶೋಧನೆಯ ಎಲ್‌ಆರ್‌ಡಿಇ, ಮಹಾಲೇಖಪಾಲರ ಕಚೇರಿ, ಸೇನೆಯ ಎಂಇಜಿ ಮತ್ತು ಎಎಸ್‌ಸಿ ಎಲ್ಲವೂ ತಂಡ ಕಟ್ಟಿದವು. ಚೆನ್ನಾಗಿ ಆಡುವ ಹುಡುಗನಿಗೆ ಕ್ರೀಡಾ ಕೋಟಾದಲ್ಲಿ ಕಾಯಂ ಕೆಲಸ ಸಿಗುತ್ತಿತ್ತು. ಬೆಳಗ್ಗೆ ಅಭ್ಯಾಸ, ಆಮೇಲೆ ಪಾಳಿ, ಪಂದ್ಯದ ದಿನ ರಜೆ. ಮೊಣಕಾಲು ಹಾಳಾಗಿ ಆಟ ನಿಂತರೂ ಸಂಬಳ ನಿಲ್ಲುತ್ತಿರಲಿಲ್ಲ, ಬಡ್ತಿ ಬರುತ್ತಿತ್ತು, ಕ್ವಾರ್ಟರ್ಸ್ ಇರುತ್ತಿತ್ತು, ಕೊನೆಗೆ ಪಿಎಫ್, ಗ್ರಾಚ್ಯುಟಿ. ಕಲ್ಕತ್ತಾದ ಕ್ಲಬ್ಬು ಎಷ್ಟೇ ದುಡ್ಡು ತೋರಿಸಿದರೂ ಗೌತಮಪುರದ ತಾಯಿಯೊಬ್ಬಳು ಮಗನಿಗೆ ಐಟಿಐ ಕೆಲಸ ಬಿಡಬೇಡ ಎನ್ನುವುದಕ್ಕೆ ಇಷ್ಟು ಸಾಕಿತ್ತು. 1967–68 ಮತ್ತು 1968–69ರಲ್ಲಿ ಮೈಸೂರು ರಾಜ್ಯ (ಇಂದಿನ ಕರ್ನಾಟಕ) ಸತತ ಎರಡು ಸಲ ಸಂತೋಷ್ ಟ್ರೋಫಿ ಗೆದ್ದದ್ದು ಇಂಥ ಕಾಲದಲ್ಲಿ. ಆಟಗಾರರನ್ನು ಊರಿನಲ್ಲಿ ಉಳಿಸಿಕೊಳ್ಳಲು ಬೆಂಗಳೂರು ಕಂಡುಕೊಂಡ ಉಪಾಯಗಳಲ್ಲಿ ಇದಕ್ಕಿಂತ ಒಳ್ಳೆಯದು ಮತ್ತೊಂದಿಲ್ಲ.

ಆದರೆ ಈ ಏರ್ಪಾಡು ಕಾರ್ಖಾನೆ ಇದ್ದ ಊರಿಗಷ್ಟೇ ಒದಗಿತು. ರಾಜ್ಯದ ಫುಟ್‌ಬಾಲ್ ಬೆಂಗಳೂರು, ಮೈಸೂರು, ಕೋಲಾರದ ಚಿನ್ನದ ಗಣಿ, ಕರಾವಳಿ, ಕೊಡಗುಗಳಲ್ಲಿ ನೆಲೆ ನಿಂತಿತೇ ಹೊರತು ಬಯಲು ಸೀಮೆಯ ತಾಲ್ಲೂಕುಗಳಿಗೆ ಹೆಚ್ಚು ಇಳಿಯಲಿಲ್ಲ. ಉದಾಹರಣೆಗೆ, ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಶಾಲಾ ಮೈದಾನಗಳಲ್ಲಿ ಕಬಡ್ಡಿ, ಕೊಕ್ಕೊ, ವಾಲಿಬಾಲ್ ಬೆಳೆದವು. ಹಾಸನ ಜಿಲ್ಲೆಯ ನಂಟುಳ್ಳ, ದೇಶಕ್ಕೆ ಹೆಸರಾದ ಜಾವಗಲ್ ಶ್ರೀನಾಥ್ ಮತ್ತು ಅರಸೀಕೆರೆಯಲ್ಲಿ ಹುಟ್ಟಿದ ಡೇವಿಡ್ ಜಾನ್ಸನ್ ಇಬ್ಬರೂ ಕ್ರಿಕೆಟ್‌ನ ವೇಗದ ಬೌಲರ್‌ಗಳು. ಚೆಂಡು ಒದೆಯುವುದರಿಂದ ಕೆಲಸ ಸಿಗುತ್ತದೆ ಎಂಬ ನಂಬಿಕೆ ಹುಟ್ಟದ ಕಡೆ ಹುಡುಗರು ಬೇರೆ ಆಟಗಳತ್ತ ಹೋದದ್ದು ಸಹಜ.

1990ರ ದಶಕದಲ್ಲಿ ಕಾರ್ಖಾನೆಗಳ ನೇಮಕಾತಿ ಕುಗ್ಗಿತು. ದೂರಸಂಪರ್ಕ ಕ್ಷೇತ್ರ ಖಾಸಗಿಗೆ ತೆರೆದುಕೊಂಡ ಮೇಲೆ ಐಟಿಐ ನಷ್ಟಕ್ಕೆ ಜಾರಿತು. ಅದೇ ಹೊತ್ತಿಗೆ, 1996ರಲ್ಲಿ, ರಾಷ್ಟ್ರೀಯ ಫುಟ್‌ಬಾಲ್ ಲೀಗ್ ಶುರುವಾಯಿತು. ಕರಾರಿನ ಮೇಲೆ ದುಡಿಯುವ ವೃತ್ತಿಪರ ಆಟಗಾರರು, ವಿದೇಶಿಯರು ಬಂದರು. ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್ ಅವರ ಹಾದಿಯನ್ನು ನೋಡಿದರೆ ಬದಲಾವಣೆ ಎಷ್ಟೆಂದು ತಿಳಿಯುತ್ತದೆ. ಊರಿನ ಸದರ್ನ್ ಬ್ಲೂಸ್‌ನಿಂದ ಟಾಟಾ ಫುಟ್‌ಬಾಲ್ ಅಕಾಡೆಮಿಗೆ, ಅಲ್ಲಿಂದ ಈಸ್ಟ್ ಬೆಂಗಾಲ್‌ಗೆ, ಆಮೇಲೆ ಪಂಜಾಬಿನ ಜೆಸಿಟಿಗೆ ಹೋಗಿ ಮೊದಲ ರಾಷ್ಟ್ರೀಯ ಲೀಗ್ ಗೆದ್ದು, ಮತ್ತೆ ಈಸ್ಟ್ ಬೆಂಗಾಲ್‌ಗೆ ಮರಳಿ 2001ರಲ್ಲಿ ನಾಯಕರಾಗಿ ಲೀಗ್ ಗೆದ್ದರು. ಅವರ ದೊಡ್ಡ ವರ್ಷಗಳಲ್ಲಿ ಒಂದೂ ಬೆಂಗಳೂರಿನ ಕ್ಲಬ್ಬಿನದಲ್ಲ. ಇತ್ತ ಎಚ್‌ಎಎಲ್ 2010ರಲ್ಲಿ, ರಾಷ್ಟ್ರೀಯ ಲೀಗಿನ ಜಾಗಕ್ಕೆ ಬಂದಿದ್ದ ಐ–ಲೀಗ್‌ಗೆ ಏರಿ, ವಿದೇಶಿ ಆಟಗಾರರಿಲ್ಲದೆಯೇ ಎರಡು ಋತು ಹೋರಾಡಿ, 2012ರಲ್ಲಿ ಕೆಳಗಿನ ದರ್ಜೆಗೆ ಇಳಿಯಿತು. ಸಂಬಳಪಟ್ಟಿಯ ನಿಯಮಕ್ಕೆ ಕಟ್ಟುಬಿದ್ದ ಸರ್ಕಾರಿ ಕಂಪನಿಯೊಂದು ಮುಕ್ತ ಮಾರುಕಟ್ಟೆಯ ಕ್ಲಬ್‌ಗಳ ಜೊತೆ ಅಷ್ಟು ಕಾಲ ನಿಂತದ್ದೇ ದೊಡ್ಡ ಮಾತು.

2013ರ ಜುಲೈನಲ್ಲಿ ಜೆಎಸ್‌ಡಬ್ಲ್ಯು ಸಮೂಹ ಬೆಂಗಳೂರು ಎಫ್‌ಸಿಯನ್ನು ಕಟ್ಟಿತು. ತರಬೇತುದಾರ ಆಶ್ಲಿ ವೆಸ್ಟ್‌ವುಡ್, ನಾಯಕ ಸುನಿಲ್ ಚೆಟ್ರಿ. ಮೊದಲ ಋತುವಿನಲ್ಲೇ, 2013–14ರಲ್ಲಿ, ಐ–ಲೀಗ್ ಗೆದ್ದ ತಂಡ 2015–16ರಲ್ಲಿ ಮತ್ತೆ ಗೆದ್ದಿತು. 2016ರ ನವೆಂಬರ್‌ನಲ್ಲಿ ಎಎಫ್‌ಸಿ ಕಪ್ ಫೈನಲ್ ಆಡಿದ ಮೊದಲ ಭಾರತೀಯ ಕ್ಲಬ್ ಎನಿಸಿತು. ದೋಹಾದ ಆ ಪಂದ್ಯದಲ್ಲಿ ಇರಾಕಿನ ವಾಯುಪಡೆ ತಂಡದೆದುರು 0–1ರಿಂದ ಸೋತಿತು. ತಂಡದ ತಿರುಳು ಮೂರು ವರ್ಷ ಬದಲಾಗದೆ ಉಳಿದದ್ದು ಈ ಓಟಕ್ಕೆ ಮುಖ್ಯ ಕಾರಣ.

ಆದರೆ ಆ ವರ್ಷಗಳಲ್ಲೇ ಒಂದು ವಿಚಿತ್ರ ಏರ್ಪಾಡು ನಡೆದಿತ್ತು. 2014ರಲ್ಲಿ ಬಂದ ಇಂಡಿಯನ್ ಸೂಪರ್ ಲೀಗ್ ವರ್ಷದ ಕೊನೆಯ ತಿಂಗಳುಗಳಲ್ಲಿ, ಐ–ಲೀಗ್ ಜನವರಿಯಿಂದ ಬೇಸಿಗೆಯವರೆಗೆ ನಡೆಯುತ್ತಿತ್ತು. ಒಬ್ಬನೇ ಆಟಗಾರ ವರ್ಷಕ್ಕೆ ಎರಡು ಅಂಗಿ ತೊಡಬೇಕಾಯಿತು. 2015ರ ಜುಲೈನಲ್ಲಿ ಮುಂಬೈಯಲ್ಲಿ ನಡೆದ ಹರಾಜಿನಲ್ಲಿ ಚೆಟ್ರಿ 1.20 ಕೋಟಿ ರೂಪಾಯಿಗೆ ಮುಂಬೈ ಸಿಟಿಗೆ, ಯೂಜೀನ್‌ಸನ್ ಲಿಂಗ್ಡೊ 1.05 ಕೋಟಿಗೆ ಪುಣೆ ಸಿಟಿಗೆ, ರಿನೊ ಆಂಟೊ 90 ಲಕ್ಷಕ್ಕೆ ಅಟ್ಲೆಟಿಕೊ ಡಿ ಕೋಲ್ಕತ್ತಕ್ಕೆ ಹೋದರು. ಮೂವರೂ ಬೆಂಗಳೂರು ಎಫ್‌ಸಿಯವರು. ಹೊಸ ಲೀಗಿನ ತಂಡಗಳು ಬೆಂಗಳೂರು ಕಟ್ಟಿದ ಸಾಮರ್ಥ್ಯವನ್ನು ಎರವಲು ಪಡೆದು ಆಡಿದವು.

2017ರಲ್ಲಿ ಬೆಂಗಳೂರು ಎಫ್‌ಸಿ, ಟಾಟಾದ ಜಮ್‌ಷೆಡ್‌ಪುರ ಎಫ್‌ಸಿ ಜೊತೆ, ಸೂಪರ್ ಲೀಗ್ ಸೇರಿತು. ಸೇರುವುದಕ್ಕೆ ತೆತ್ತ ಬೆಲೆ ದೊಡ್ಡದು. ನಾಲ್ಕು ವರ್ಷ ಕೂಡಿ ಆಡಿದ ತಂಡದಿಂದ ಹಿರಿಯರಲ್ಲಿ ಇಬ್ಬರನ್ನು ಮಾತ್ರ ಉಳಿಸಿಕೊಳ್ಳಲು ಅವಕಾಶವಿತ್ತು. ಕ್ಲಬ್ಬು ಚೆಟ್ರಿಯನ್ನೂ ಉದಾಂತ ಸಿಂಗ್‌ನನ್ನೂ ಇಟ್ಟುಕೊಂಡಿತು. ಉಳಿದವರು ಜುಲೈ 23ರಂದು ಮುಂಬೈಯಲ್ಲಿ ನಡೆದ ಡ್ರಾಫ್ಟ್‌ಗೆ ಹೋದರು. ಅಲ್ಲಿ ಕೂಗಿ ಬೆಲೆ ಏರಿಸುವಂತಿರಲಿಲ್ಲ. ಪ್ರತಿ ಆಟಗಾರನಿಗೂ ಮೊದಲೇ ಬೆಲೆ ಗೊತ್ತುಮಾಡಲಾಗಿತ್ತು, ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುತ್ತಿದ್ದವು. ಲಿಂಗ್ಡೊ 1.10 ಕೋಟಿಗೆ ಕೋಲ್ಕತ್ತದ ಪಾಲಾದರು. ರಿನೊ ಕೇರಳಕ್ಕೆ ಹೋದರು. ಅದಕ್ಕೂ ಎರಡೇ ತಿಂಗಳ ಹಿಂದೆ, ಮೇ 21ರಂದು ಕಟಕ್‌ನಲ್ಲಿ, ಮೋಹನ್ ಬಾಗನ್ ವಿರುದ್ಧ ಹೆಚ್ಚುವರಿ ಸಮಯದಲ್ಲಿ ಎರಡೂ ಗೋಲು ಹೊಡೆದು ಬೆಂಗಳೂರಿಗೆ ಫೆಡರೇಷನ್ ಕಪ್ ತಂದುಕೊಟ್ಟಿದ್ದ ಸಿ.ಕೆ. ವಿನೀತ್ ಅವರನ್ನು ಕೇರಳ ಬ್ಲಾಸ್ಟರ್ಸ್ ತನ್ನವರೆಂದು ಉಳಿಸಿಕೊಂಡಿತು. ಕ್ಲಬ್ಬಿಗೆ ದುಡ್ಡಿನ ಕೊರತೆ ಇರಲಿಲ್ಲ, ಆಟಗಾರರಿಗೂ ಬಿಡುವ ಮನಸ್ಸಿರಲಿಲ್ಲ. ನಿಯಮವೊಂದೇ ಈ ತಂಡವನ್ನು ಒಡೆಯಿತು. ಬೆಂಗಳೂರಿನ ಅಭಿಮಾನಿಗಳು ಇದನ್ನು ಅನ್ಯಾಯವೆಂದು ಭಾವಿಸಿದ್ದರಲ್ಲಿ ತಪ್ಪಿಲ್ಲ.

ಅದೇ ಡ್ರಾಫ್ಟ್ ಕೊಟ್ಟದ್ದೂ ಉಂಟು. ಅಲ್ಲಿ ಆರಿಸಿಕೊಂಡ ರಾಹುಲ್ ಭೆಕೆ 2019ರ ಮಾರ್ಚ್ 17ರಂದು ಮುಂಬೈಯಲ್ಲಿ ಗೋವಾ ಎದುರಿನ ಫೈನಲ್‌ನ 117ನೇ ನಿಮಿಷದಲ್ಲಿ ತಲೆಯಿಂದ ಹೊಡೆದ ಗೋಲು ಬೆಂಗಳೂರಿಗೆ ಮೊದಲ ಸೂಪರ್ ಲೀಗ್ ಪ್ರಶಸ್ತಿ ತಂದಿತು. ಹಿಂದಿನ ವರ್ಷ ಅದೇ ತಾರೀಖಿನಂದು ತವರಿನ ಕಂಠೀರವ ಕ್ರೀಡಾಂಗಣದಲ್ಲಿ ಚೆನ್ನೈಯಿನ್‌ಗೆ 2–3ರಿಂದ ಸೋತಿತ್ತು.

ಲೀಗಿನ ಇನ್ನೊಂದು ಕಟ್ಟುಪಾಡು ವೇತನ ಮಿತಿ. ಒಂದು ಋತುವಿನಲ್ಲಿ ಇಡೀ ತಂಡದ ಸಂಬಳಕ್ಕೆ ಖರ್ಚು ಮಾಡಬಹುದಾದ ಮೊತ್ತ ಹಲವು ವರ್ಷ 16.5 ಕೋಟಿ ರೂಪಾಯಿಗೆ ನಿಂತಿತ್ತು. ಶ್ರೀಮಂತ ಮಾಲೀಕರು ಬಡ ಕ್ಲಬ್‌ಗಳನ್ನು ಬರಿದು ಮಾಡದಿರಲಿ ಎಂಬುದು ಇದರ ಉದ್ದೇಶ, ಉದ್ದೇಶ ಒಳ್ಳೆಯದೇ. ಆದರೆ ಗೆದ್ದ ತಂಡಕ್ಕೆ ಇದು ಬೇರೆ ರೀತಿ ತಟ್ಟುತ್ತದೆ. ಗೆಲುವಿನ ನಂತರ ಪ್ರತಿ ಆಟಗಾರನೂ ಹೆಚ್ಚು ಕೇಳುತ್ತಾನೆ, ಮಿತಿ ಮಾತ್ರ ಏರುವುದಿಲ್ಲ, ಹಾಗಾಗಿ ಒಬ್ಬರಿಗೆ ಹೆಚ್ಚಿಸಿದರೆ ಮತ್ತೊಬ್ಬರನ್ನು ಬಿಡಬೇಕು. ಇದರೊಂದಿಗೆ ವಿದೇಶಿ ಆಟಗಾರರ ಸಂಖ್ಯೆಯೂ ಇಳಿದು, 2021–22ರಿಂದ ತಂಡಕ್ಕೆ ಆರು, ಅಂಕಣದಲ್ಲಿ ನಾಲ್ಕು ಎಂದಾಯಿತು. ಒಳ್ಳೆಯ ಭಾರತೀಯ ಆಟಗಾರರ ಬೆಲೆ ಅದರಿಂದ ಏರಿತು. 2024ರಲ್ಲಿ ಜೀಕ್ಸನ್ ಸಿಂಗ್ ಅವರಿಗಾಗಿ ಈಸ್ಟ್ ಬೆಂಗಾಲ್ ಕೇರಳಕ್ಕೆ ಸುಮಾರು 3.3 ಕೋಟಿ ಕೊಟ್ಟದ್ದು ಆವರೆಗಿನ ದಾಖಲೆ. ಕೈಯಿಂದ ಹಣ ಬಿಡದೆ ಆಟಗಾರರನ್ನು ಅದಲುಬದಲು ಮಾಡಿಕೊಳ್ಳುವುದೂ ನಡೆಯಿತು. 2022ರಲ್ಲಿ ಬೆಂಗಳೂರು ಆಶಿಕ್ ಕುರುಣಿಯನ್ ಅವರನ್ನು ಮೋಹನ್ ಬಾಗನ್‌ಗೆ ಕೊಟ್ಟು ಪ್ರಬೀರ್ ದಾಸ್ ಅವರನ್ನು ಕರೆತಂದಿತು.

ಅದೇ ಬೇಸಿಗೆಯಲ್ಲಿ ರಾಯ್ ಕೃಷ್ಣ, ಹಾವಿ ಹೆರ್ನಾಂಡೆಜ್, ಸಂದೇಶ್ ಜಿಂಗನ್ ಬಂದರು. ತಂಡ ಸೆಪ್ಟೆಂಬರ್‌ನಲ್ಲಿ ಡುರಾಂಡ್ ಕಪ್ ಗೆದ್ದಿತು, 2023ರ ಮಾರ್ಚ್‌ನಲ್ಲಿ ಲೀಗ್ ಫೈನಲ್ ತಲುಪಿ ಮೋಹನ್ ಬಾಗನ್‌ಗೆ ಪೆನಾಲ್ಟಿಯಲ್ಲಿ ಸೋತಿತು. ಋತು ಮುಗಿದದ್ದೇ ತಂಡ ಚದುರಿತು. ರಾಯ್ ಕೃಷ್ಣ ಒಡಿಶಾಕ್ಕೆ, ಪ್ರಬೀರ್ ಕೇರಳಕ್ಕೆ, ಜಿಂಗನ್ ಗೋವಾಕ್ಕೆ ಹೋದರು. 2017ರಲ್ಲಿ ಕ್ಲಬ್ಬು ಆರಿಸಿ ಉಳಿಸಿಕೊಂಡಿದ್ದ ಉದಾಂತ ಕೂಡ ಗೋವಾ ಸೇರಿದರು. ಮುಂದಿನ ಋತುವಿನಲ್ಲಿ ಬೆಂಗಳೂರು ಹನ್ನೆರಡು ತಂಡಗಳಲ್ಲಿ ಹತ್ತನೆಯದಾಯಿತು. ತರಬೇತುದಾರ ಸೈಮನ್ ಗ್ರೇಸನ್ ಡಿಸೆಂಬರ್‌ನಲ್ಲೇ ಹೊರನಡೆಯಬೇಕಾಯಿತು. ಒಂದೇ ಬೇಸಿಗೆಯಲ್ಲಿ ಅಷ್ಟು ಜನ ಬದಲಾದರೆ ಯಾವ ತರಬೇತುದಾರನಿಗೂ ತಂಡ ಹೊಂದಿಸುವುದು ಸುಲಭವಲ್ಲ.

ಹೊರಗಿನಿಂದ ಕೊಳ್ಳುವುದಕ್ಕೆ ಮಿತಿ ಬಿದ್ದಾಗ ಉಳಿಯುವ ದಾರಿ ಸ್ವಂತ ಅಕಾಡೆಮಿ. ಬೆಂಗಳೂರು ಎಫ್‌ಸಿಯ ವಸತಿ ಅಕಾಡೆಮಿ ಬಳ್ಳಾರಿ ಜಿಲ್ಲೆಯ ವಿಜಯನಗರದಲ್ಲಿ ಜೆಎಸ್‌ಡಬ್ಲ್ಯು ಕ್ರೀಡಾ ಸಂಸ್ಥೆಯ ಆವರಣದಲ್ಲಿ ಬೆಳೆಯಿತು. 2024ರ ಸೆಪ್ಟೆಂಬರ್ 14ರಂದು ಕಂಠೀರವದಲ್ಲಿ ಈಸ್ಟ್ ಬೆಂಗಾಲ್ ವಿರುದ್ಧ ಋತುವಿನ ಮೊದಲ ಪಂದ್ಯವನ್ನು 1–0ರಿಂದ ಗೆಲ್ಲಿಸಿದ ಗೋಲು ಹತ್ತೊಂಬತ್ತರ ವಿನೀತ್ ವೆಂಕಟೇಶ್ ಅವರದು. ಬೆಂಗಳೂರಿನ ಹುಡುಗ, ಕ್ಲಬ್ಬಿನ ಅಕಾಡೆಮಿಯಲ್ಲೇ ಬೆಳೆದವನು. ಆ ಋತುವಿನಲ್ಲಿ ತಂಡ ಮತ್ತೆ ಫೈನಲ್ ತಲುಪಿತು, ನಲವತ್ತರ ಚೆಟ್ರಿ 14 ಗೋಲು ಹೊಡೆದರು. ಆಟಗಾರನನ್ನು ಎಳವೆಯಲ್ಲಿ ಬೆಳೆಸಿದ ಕ್ಲಬ್‌ಗಳಿಗೆ ಈಗ ಫಿಫಾ ನಿಯಮದ ಆಸರೆಯೂ ಇದೆ. ಒಂದು ದೇಶದಿಂದ ಇನ್ನೊಂದಕ್ಕೆ ಹಣ ಕೊಟ್ಟು ಕೊಂಡಾಗ ಆ ಮೊತ್ತದ ಶೇ 5ರಷ್ಟು, 12ರಿಂದ 23ರ ವಯಸ್ಸಿನವರೆಗೆ ತರಬೇತಿ ಕೊಟ್ಟ ಕ್ಲಬ್‌ಗಳಿಗೆ ಹಂಚಿಕೆಯಾಗಬೇಕು. ಅಹ್ಮದ್ ಖಾನ್ ಹೋದಾಗ ಇಂಥ ಮಾತೇ ಇರಲಿಲ್ಲ.

ಊರಿನ ಸಣ್ಣ ಕ್ಲಬ್‌ಗಳ ಸ್ಥಿತಿ ಇಷ್ಟು ಭದ್ರವಲ್ಲ. 2024ರಲ್ಲಿ ಐ–ಲೀಗ್‌ಗೆ ಏರಿದ ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು ಒಂದೇ ಋತುವಿನಲ್ಲಿ ಕೆಳಗಿಳಿಯಿತು. ಹಾಗಿದ್ದರೂ 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3–2ರಿಂದ ಮಣಿಸಿ, 54 ವರ್ಷಗಳ ನಂತರ ಸಂತೋಷ್ ಟ್ರೋಫಿಯನ್ನು ರಾಜ್ಯಕ್ಕೆ ಮರಳಿ ತಂದ ಕರ್ನಾಟಕ ತಂಡದವರು ಸೂಪರ್ ಲೀಗಿನ ತಾರೆಯರಲ್ಲ.

2025ರ ಜುಲೈನಲ್ಲಿ, ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಮತ್ತು ಲೀಗ್ ನಡೆಸುವ ಕಂಪನಿಯ ನಡುವಿನ 15 ವರ್ಷಗಳ ಒಪ್ಪಂದ ನವೀಕರಣವಾಗದ ಕಾರಣ, ಸೂಪರ್ ಲೀಗಿನ ಮುಂದಿನ ಋತುವನ್ನು ತಡೆಹಿಡಿಯಲಾಯಿತು. ಪಂದ್ಯವಿಲ್ಲದೆ ಟಿಕೆಟ್ ಇಲ್ಲ, ಪ್ರಾಯೋಜಕರಿಲ್ಲ, ಆದರೆ ಕರಾರಿನ ಸಂಬಳ ತಿಂಗಳು ತಿಂಗಳು ಬೀಳುತ್ತಲೇ ಇರುತ್ತದೆ. ಆಗಸ್ಟ್ ಮೊದಲ ವಾರದಲ್ಲಿ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿದಿರುವುದಾಗಿ ಪ್ರಕಟಿಸಿತು. ಕಿರಿಯರ ತಂಡಗಳು ಮತ್ತು ಮಕ್ಕಳ ಫುಟ್‌ಬಾಲ್ ಶಾಲೆಗಳು ಮಾತ್ರ ಎಂದಿನಂತೆ ನಡೆಯುತ್ತವೆ ಎಂದು ಅದೇ ಪ್ರಕಟಣೆಯಲ್ಲಿ ತಿಳಿಸಿತು.