ಗಿಳಿಪಾಠವೆಂಬ ತೀರ್ಪು: 1823ರ ಬಳ್ಳಾರಿ ವರದಿಯೂ ಇಂಡಿ ಸೀಮೆಯ ಹಿಂದೆಯೇ ನುಡಿಯುವ ರೂಢಿಯೂ

ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟ್ 17ರಂದು ಮದರಾಸಿನ ರೆವಿನ್ಯೂ ಬೋರ್ಡಿಗೆ ಬರೆದ ಶಾಲಾ ವರದಿಯನ್ನು ಎತ್ತಿ ಹೇಳುವವರಲ್ಲಿ ಎರಡು ಪಂಗಡಗಳಿವೆ. ಇತಿಹಾಸಕಾರ ಧರ್ಮಪಾಲರು 1983ರಲ್ಲಿ ತಮ್ಮ ಗ್ರಂಥದಲ್ಲಿ ಈ ವರದಿಯನ್ನು ಅಚ್ಚು ಹಾಕಿದ ಮೇಲೆ ಬಲಗೊಂಡ ಒಂದು ಪಂಗಡವು, ಮುಂದುವರಿದ ಹುಡುಗ ಹಿಂದುಳಿದವನಿಗೆ ಕಲಿಸುವ ಪದ್ಧತಿಯನ್ನು ಕ್ಯಾಂಬೆಲ್ ಹೊಗಳಿ, ಇಂಗ್ಲೆಂಡು ಅದನ್ನು ಅನುಕರಿಸಿದ್ದು ತಕ್ಕದ್ದೇ ಎಂದದ್ದನ್ನು ಮುಂದಿಟ್ಟು ಅಲ್ಲಿಗೇ ನಿಲ್ಲುತ್ತದೆ. ಇನ್ನೊಂದು ಪಂಗಡವು, ಶಾಲೆಯ ಹುಡುಗ ಬಾಯಿಗೆ ಬಂದ ನೂರಾರು ಪದ್ಯಗಳ ಅರ್ಥವನ್ನು ಮಾತು ಕಲಿತ ಗಿಳಿಗಿಂತ ಹೆಚ್ಚು ಅರಿಯನೆಂದು ಅದೇ ಅಧಿಕಾರಿ ಬರೆದ ಮಾತನ್ನು ಹಿಡಿದುಕೊಂಡು, ದೇಶೀ ಶಿಕ್ಷಣವೆಂದರೆ ಗಿಳಿಪಾಠ ಎಂಬ ತೀರ್ಪನ್ನು ಒಂದೂವರೆ ಶತಮಾನದಿಂದ ಉರು ಹೊಡೆಯುತ್ತ ಬಂದಿದೆ. ಉರು ಹೊಡೆಯುವುದನ್ನು ಖಂಡಿಸುವವರೇ ಒಂದು ವಾಕ್ಯವನ್ನು ಹೀಗೆ ಉರು ಹೊಡೆದಿರುವುದು ವಿನೋದದ ಸಂಗತಿಯಾದರೂ ಇಲ್ಲಿಯ ಪ್ರಶ್ನೆ ಅದಲ್ಲ. ವರದಿಯಲ್ಲಿ ಇವೆರಡರ ನಡುವೆ ಮೂರನೆಯ ಮಾತೊಂದಿದೆ; ಅದನ್ನು ಎರಡೂ ಪಂಗಡಗಳು ದಾಟಿಕೊಂಡು ಹೋಗಿವೆ.

ಆ ಮೂರನೆಯ ಮಾತಿನ ತಾತ್ಪರ್ಯವಿಷ್ಟು: ಹುಡುಗರು ಪದ್ಯಗಳನ್ನು ಕಂಠಪಾಠ ಮಾಡುವುದು ಮುಖ್ಯವಾಗಿ ಉಚ್ಚಾರ ಸ್ಪಷ್ಟವಾಗಲೆಂದು, ಹಾಗೂ ಯಾವ ಬಗೆಯ ಬರವಣಿಗೆ ಎದುರಾದರೂ ತಡವರಿಸದೆ, ತಪ್ಪಿಲ್ಲದೆ ಓದುವ ಚುರುಕು ಬರಲೆಂದು. ಇದು ಕೈತಪ್ಪಿ ಬಂದ ಮಾತಲ್ಲ. ಮುಂದೆ ಪದ್ಯದ ನುಡಿಯೂ ಆಡುನುಡಿಯೂ ಬೇರೆಬೇರೆ ಎಂದು ದೂರುವಾಗಲೂ, ಓದುವವರ ಲಕ್ಷ್ಯ ಪದಗಳ ಅರ್ಥದ ಕಡೆಗಾಗಲಿ ಅನ್ವಯದ ಕಡೆಗಾಗಲಿ ಇರದೆ ಅಕ್ಷರಗಳ ಉಚ್ಚಾರದ ಕಡೆಗಿರುತ್ತದೆಂದು ಆತ ಮತ್ತೆ ಹೇಳುತ್ತಾನೆ. ಅಂದರೆ ಅಭ್ಯಾಸದ ಉದ್ದೇಶವೇನೆಂದು ಕ್ಯಾಂಬೆಲ್ ಬಲ್ಲವನಾಗಿದ್ದ, ಅದನ್ನು ಎರಡು ಸಲ ಬರೆದಿಟ್ಟ. ಆದರೆ ತೀರ್ಪು ಕೊಡುವಾಗ ಆ ಉದ್ದೇಶದ ಅಳತೆಗೋಲನ್ನು ಬದಿಗಿಟ್ಟು ಅರ್ಥಗ್ರಹಣವೆಂಬ ಬೇರೊಂದು ಅಳತೆಗೋಲನ್ನು ಕೈಗೆತ್ತಿಕೊಂಡ. ನಾಲಗೆಯನ್ನು ಪಳಗಿಸಲು ಏರ್ಪಟ್ಟ ಅಭ್ಯಾಸವು ಅರ್ಥವನ್ನು ಕಲಿಸಲಿಲ್ಲವೆಂಬ ಆಕ್ಷೇಪ ಸುಳ್ಳಲ್ಲದಿರಬಹುದು, ಆದರೆ ಅಪ್ರಸ್ತುತ.

ವರದಿಯ ವಿವರಗಳನ್ನು ಕೈ ಮತ್ತು ಬಾಯಿ ಎಂದು ವಿಂಗಡಿಸಿ ಓದಿದರೆ ಸಂಗತಿ ಇನ್ನಷ್ಟು ತಿಳಿಯಾಗುತ್ತದೆ. ಅಕ್ಷರವನ್ನು ಹುಡುಗ ಕಲಿಯುವುದು ಮರಳಿನ ಮೇಲೆ ಬೆರಳಾಡಿಸಿ. ಯುರೋಪಿನಂತೆ ವರ್ಣಮಾಲೆಯನ್ನು ಕೂಗಿ ಅಲ್ಲ ಎಂದು ಕ್ಯಾಂಬೆಲ್ ಸ್ಪಷ್ಟವಾಗಿಯೇ ಬೇರ್ಪಡಿಸಿದ್ದಾನೆ. ಆಮೇಲೆ ಇದ್ದಿಲು ಬಳಿದ ಹಲಗೆ, ಗಂಜಿ ಹಾಕಿ ಗಟ್ಟಿಗೊಳಿಸಿದ ಬಟ್ಟೆಯನ್ನು ಪುಸ್ತಕದಂತೆ ಮಡಿಚಿ ಕಪ್ಪು ಬಳಿದ ಕಡತ, ಬರೆಯಲು ಬಳಪ. ಇದೆಲ್ಲವೂ ಕೈಯ ಶಿಕ್ಷಣ, ಹೆಚ್ಚುಪಾಲು ಮೌನದ್ದು. ಬಾಯಿ ತೆರೆಯುವುದು ಎರಡು ಕಡೆ ಮಾತ್ರ: ಮಗ್ಗಿ ಮತ್ತು ಅಳತೆ–ತೂಕದ ಕೋಷ್ಟಕಗಳಿಗಾಗಿ ದಿನಕ್ಕೆ ಎರಡು ಸಲ ಸಾಲಾಗಿ ನಿಂತು ಹಿರಿಯ ಹುಡುಗನೊಬ್ಬ ಹೇಳಿದಂತೆ ಎಲ್ಲರೂ ಹೇಳುವಾಗ, ಇನ್ನೊಂದು ಪದ್ಯಗಳನ್ನು ಒಪ್ಪಿಸುವಾಗ. ಎಲ್ಲವನ್ನೂ ಬಾಯಿಪಾಠದಿಂದಲೇ ನಡೆಸಿದ ಶಾಲೆ ಇದಾಗಿರಲಿಲ್ಲ. ಕಿವಿಯಿಂದ ಮಾತ್ರ ಬರತಕ್ಕದ್ದನ್ನಷ್ಟೇ ಅದು ಬಾಯಿಗೆ ಒಪ್ಪಿಸಿತ್ತು. ಜಿಲ್ಲೆಯ 533 ಶಾಲೆಗಳಲ್ಲಿ ಕನ್ನಡದವು 235, ತೆಲುಗಿನವು 226 ಎಂಬ ಲೆಕ್ಕವನ್ನೂ ಇಲ್ಲಿ ನೆನೆಯಬೇಕು. ಎರಡು ನುಡಿಗಳು ಹೀಗೆ ಸರಿಸಮವಾಗಿ ಹೆಣೆದುಕೊಂಡ ಸೀಮೆಯಲ್ಲಿ ಉಚ್ಚಾರದ ಶುದ್ಧಿ ಬರಿಯ ಅಲಂಕಾರವಾಗಿರಲಾರದು.

ಹಾಗಾದರೆ ಅರ್ಥ ಎಲ್ಲಿಂದ ಬರುತ್ತಿತ್ತು? ಲಿಂಗಾಯತ ಹುಡುಗರು ಓದುತ್ತಿದ್ದ ಪುಸ್ತಕಗಳೆಂದು ಕ್ಯಾಂಬೆಲ್ ಹೆಸರಿಸಿದವುಗಳಲ್ಲಿ ಚೆನ್ನಬಸವಪುರಾಣವೂ ಇದೆ. ವಿರೂಪಾಕ್ಷಪಂಡಿತನು 1584ರಲ್ಲಿ ವಾರ್ಧಕ ಷಟ್ಪದಿಯಲ್ಲಿ ರಚಿಸಿದ ಈ ಗ್ರಂಥ ಎಂಟು ವರ್ಷದ ಹುಡುಗನಿಗೆ ಅರ್ಥವಾಗದೆನ್ನಲು ಕಲೆಕ್ಟರನ ಸಾಕ್ಷ್ಯ ಬೇಕಾಗಿಲ್ಲ. ಆದರೆ ಇದೇ ಗ್ರಂಥವರ್ಗವು ಶಾಲೆಯ ಹೊರಗೆ ಮಠದಲ್ಲಿಯೂ ಗುಡಿಯಲ್ಲಿಯೂ ಬದುಕಿತ್ತು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಶ್ರಾವಣಮಾಸದಲ್ಲಿ ಪುರಾಣ ಹಚ್ಚುವ ರೂಢಿ ಇಂದಿಗೂ ಇದೆ: ಒಬ್ಬರು ಪದ್ಯ ಓದುತ್ತಾರೆ, ಇನ್ನೊಬ್ಬರು ಆಡುಮಾತಿನಲ್ಲಿ ಬಿಡಿಸಿ ಹೇಳುತ್ತಾರೆ, ಊರು ಕುಳಿತು ಕೇಳುತ್ತದೆ. ಶಾಲೆಯಲ್ಲಿ ಧ್ವನಿ, ಮಠದಲ್ಲಿ ಅರ್ಥ ಎಂಬ ಈ ಹಂಚಿಕೆ 1823ರ ಬಳ್ಳಾರಿಯಲ್ಲಿಯೂ ಹೀಗೆಯೇ ಇತ್ತೆಂಬುದು ಇಲ್ಲಿ ಊಹೆಯಾಗಿಯೇ ಮಂಡಿತವಾಗಿದೆ. ಆದರೆ ಶಾಲೆಯ ಗೋಡೆಯೊಳಗೆ ಅರ್ಥ ಕಾಣದಿದ್ದ ಮಾತ್ರಕ್ಕೆ ಅದು ಎಲ್ಲಿಯೂ ಇರಲಿಲ್ಲವೆನ್ನುವುದು ಅದಕ್ಕಿಂತ ದೊಡ್ಡ ಊಹೆ. 1816ರಲ್ಲಿ ತೆಲುಗಿನ ವ್ಯಾಕರಣವನ್ನೂ ಅನಂತರ ನಿಘಂಟನ್ನೂ ಪ್ರಕಟಿಸಿದ ಕ್ಯಾಂಬೆಲ್‌ಗೆ ಪರಭಾಷೆಯ ದಾರಿಯೆಂದರೆ ಸೂತ್ರ ಮತ್ತು ಅರ್ಥಕೋಶದ ದಾರಿ. ಅರ್ಥದಿಂದ ಹೊರಡದ ಕಲಿಕೆ ಆತನಿಗೆ ಕಲಿಕೆಯಾಗಿ ಕಾಣದಿದ್ದುದು ಸಹಜ. ಕಾಣದಿದ್ದುದನ್ನು ಇಲ್ಲವೆಂದು ಬರೆದ ತಪ್ಪು ಆತನದಕ್ಕಿಂತ ಆತನನ್ನು ನಕಲು ಮಾಡಿದವರದು.

ಗಿಳಿಪಾಠವೆನಿಸಿಕೊಂಡ ಈ ಹೇಳಿದ್ದನ್ನು ಹೇಳುವುದರಲ್ಲಿಯೂ ಎರಡು ಬಗೆಗಳಿವೆ. ವೇದಪಾಠದಲ್ಲಿ ಸಂಥೆ ಹೇಳಿಸುವಾಗ ಗುರು ನಿಲ್ಲಿಸಿದ ಮೇಲೆ ಶಿಷ್ಯ ಹೇಳುತ್ತಾನೆ. ನಡುವೆ ಮೌನವಿದೆ, ನೆನಪಿಗೆ ಕೆಲಸವಿದೆ. ಇಂದು ಶ್ಯಾಡೋಯಿಂಗ್ ಎನ್ನುವ ಅಭ್ಯಾಸದಲ್ಲಿ ಕೇಳುಗನು ಮಾತು ಮುಗಿಯಲು ಕಾಯದೆ, ಕೇಳುತ್ತಿರುವಾಗಲೇ ಬೆನ್ನಹಿಂದೆ ನುಡಿಯುತ್ತ ಹೋಗುತ್ತಾನೆ. ಸಂಶೋಧಕ ಕಾಲಿನ್ ಚೆರಿ 1953ರಲ್ಲಿ ಎರಡು ಕಿವಿಗಳಿಗೆ ಬೇರೆಬೇರೆ ಮಾತು ಕೇಳಿಸಿ ಒಂದನ್ನು ಹೀಗೆ ನುಡಿಸಿದ್ದು ಅವಧಾನದ ಪರೀಕ್ಷೆಗಾಗಿ. ಗಿಳಿಯ ಆಕ್ಷೇಪಕ್ಕೆ ನೇರವಾಗಿ ತಾಗುವುದು ವಿಲಿಯಂ ಮಾರ್ಸ್ಲೆನ್-ವಿಲ್ಸನ್ 1973ರಲ್ಲಿ ಪ್ರಕಟಿಸಿದ ಪ್ರಯೋಗ: ಸುಮಾರು ಕಾಲು ಸೆಕೆಂಡಿನಷ್ಟೇ ಹಿಂದೆ ಉಳಿದು ನುಡಿಯುವವರು ತಪ್ಪಿದಾಗಲೂ ಅವರ ತಪ್ಪುಗಳು ವಾಕ್ಯದ ವ್ಯಾಕರಣಕ್ಕೂ ಅರ್ಥಕ್ಕೂ ಹೊಂದುತ್ತಿದ್ದವು. ಹಿಂದೆಯೇ ನುಡಿಯುವುದು ಬರಿಯ ಬಾಯಿಯ ಚಲನೆಯಲ್ಲ, ಅರ್ಥವೂ ಅದರೊಳಗೆ ಕೆಲಸ ಮಾಡುತ್ತಿರುತ್ತದೆ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಡ. ಆದರೆ ಅಲ್ಲಿ ನುಡಿದವರು ತಾವು ಬಲ್ಲ ಇಂಗ್ಲಿಷನ್ನೇ ನುಡಿದರು. ಅರಿಯದ ಭಾಷೆಗೆ ಈ ಫಲಿತಾಂಶವನ್ನು ಹಾಗೆಯೇ ಎತ್ತಿಡಲು ಬರುವುದಿಲ್ಲ. ಶ್ಯಾಡೋಯಿಂಗನ್ನು ಸರ್ವರೋಗದ ಮದ್ದೆಂದು ಮಾರುವವರು ಈ ಅಂತರವನ್ನು ಮರೆಮಾಚುತ್ತಾರೆ.

ಅರಿಯದ ಭಾಷೆಯನ್ನು ಹಿಂದೆಯೇ ನುಡಿದು ಕಲಿತವರ ಸಾಕ್ಷ್ಯಕ್ಕೆ ಬಿಜಾಪುರದ ಕಡೆಯ ಇಂಡಿ ಸೀಮೆಗೆ ಬರಬೇಕು. ಬಿಜಾಪುರ ಪ್ರದೇಶವು 1848ರವರೆಗೆ ಸಾತಾರೆಯ ಛತ್ರಪತಿಯ ಆಡಳಿತದಲ್ಲಿದ್ದು ಕಂಪನಿಯ ಜಿಲ್ಲೆಯಾಗಿರಲಿಲ್ಲವಾದ್ದರಿಂದ ಬಳ್ಳಾರಿಯಂಥ ವರದಿಯನ್ನು ಇಲ್ಲಿ ಹುಡುಕುವುದು ವ್ಯರ್ಥ. ಇಲ್ಲಿಯ ಆಕರ ನಡೆಯುತ್ತಿರುವ ರೂಢಿಯೇ. ಹಳೆಯ ಇಂಡಿ ತಾಲೂಕಿನ ಇಂಚಗೇರಿಯಲ್ಲಿ ಉಮದಿಯ ಭಾವೂಸಾಹೇಬ ಮಹಾರಾಜರು (1843–1914) ಬೆಳೆಸಿದ, ಮುಂದೆ ಗುರುದೇವ ರಾನಡೆಯವರು 1957ರಲ್ಲಿ ದೇಹವಿಡುವವರೆಗೆ ಇದೇ ತಾಲೂಕಿನ ನಿಂಬಾಳದಲ್ಲಿ ನಡೆಸಿಕೊಂಡು ಬಂದ ಸಂಪ್ರದಾಯದಲ್ಲಿ, ಸಮರ್ಥ ರಾಮದಾಸರ ಮರಾಠಿ ದಾಸಬೋಧದ ವಾಚನವೂ ಅಭಂಗಗಳ ಭಜನೆಯೂ ನಿತ್ಯನೇಮ; ಕುಳಿತವರಲ್ಲಿ ಅನೇಕರ ಮನೆಮಾತು ಕನ್ನಡ. ಭಜನೆಯಲ್ಲಿ ಮುಂದಾಳು ಸಾಲನ್ನು ಮುಗಿಸುವ ಮೊದಲೇ ಹಿಮ್ಮೇಳ ಎತ್ತಿಕೊಳ್ಳುತ್ತದೆ. ಹಿಂದಿನ ಸಾಲಿನಲ್ಲಿ ತಾಳ ಹಿಡಿದು ಕುಳಿತ ಹೊಸಬನಿಗೆ ಮೊದಲು ಸಿಗುವುದು ಸಾಲಿನ ಕೊನೆಯ ಪ್ರಾಸ, ಆಮೇಲೆ ಪಲ್ಲವಿ. ನಡುವಣ ಮಾತುಗಳನ್ನು ಬಾಯಿ ಕೆಲವು ದಿನ ಬರಿಯ ಸ್ವರದಲ್ಲಿ ತುಂಬಿಕೊಂಡು, ಅನಂತರ ಒಂದೊಂದಾಗಿ ಸರಿಪಡಿಸಿಕೊಳ್ಳುತ್ತದೆ. ಅರ್ಥವು ಬರುವುದು ನಿರೂಪಣೆಯಲ್ಲಿ, ಬೇರೆ ಹೊತ್ತಿನಲ್ಲಿ, ಅನೇಕ ಸಲ ಕನ್ನಡದಲ್ಲಿ. ಇದು ಶ್ಯಾಡೋಯಿಂಗೇ, ಕಿವಿಗೆ ಯಂತ್ರವಿಲ್ಲ, ಅಷ್ಟೇ.

ಇದರ ಫಲವನ್ನು ಅಳೆಯಲು ಒಂದು ಉಚ್ಚಾರ ಸಾಕು. ಮರಾಠಿಯಲ್ಲಿ ನಾಲ್ಕು ಎಂಬ ಅರ್ಥದ ‘ಚಾರ್’ ಎಂಬಲ್ಲಿ ಕನ್ನಡದ ಚಕಾರವೇ ಇದೆ. ಒಳ್ಳೆಯದು ಎಂಬ ಅರ್ಥದ ‘ಚಾಂಗಲಾ’ ಎಂಬಲ್ಲಿ ನಾಲಗೆ ಹಲ್ಲಿನ ಕಡೆಗೆ ಸರಿದು ‘ತ್ಸಾ’ ಎಂಬಂತೆ ಕೇಳುತ್ತದೆ, ಹತ್ತಿರ ಎಂಬ ಅರ್ಥದ ‘ಜವಳ’ದ ಮೊದಲಕ್ಷರಕ್ಕೂ ಇದೇ ಗತಿ. ದೇವನಾಗರಿ ಈ ಭೇದವನ್ನು ತೋರಿಸುವುದಿಲ್ಲ, ಕನ್ನಡ ಲಿಪಿಯಲ್ಲಿ ಬರೆದುಕೊಂಡ ಅಭಂಗದ ಪುಸ್ತಕವಂತೂ ತೋರಿಸಲಾರದು. ಕಣ್ಣಿನಿಂದ ಓದಿ ಮರಾಠಿ ಕಲಿತವನು ಎರಡನ್ನೂ ಒಂದೇ ಚಕಾರದಲ್ಲಿ ನುಡಿಯುತ್ತಾನೆ. ಭಜನೆಯಲ್ಲಿ ಕಲಿತವನು ನಿಯಮ ಹೇಳಲಾರದೆಯೂ ಎರಡನ್ನು ಬೇರ್ಪಡಿಸಬಲ್ಲ. ಕ್ಯಾಂಬೆಲ್ ಉಚ್ಚಾರದ ಸ್ಪಷ್ಟತೆ ಎಂದು ಬರೆದು ಮುಂದೆ ಮರೆತದ್ದು ಇಂಥದ್ದನ್ನೇ.

ಆದರೂ ಆತನ ಆಕ್ಷೇಪದಲ್ಲಿ ಒಪ್ಪಬೇಕಾದ ಅಂಶವೊಂದಿದೆ. ಹಾಡಿನ ಭಾಷೆ ಸಂತೆಯ ಭಾಷೆಯಲ್ಲ. ಆಡುವ ಮರಾಠಿಯಲ್ಲಿ ಪದದ ಕೊನೆಯ ಅಕಾರ ಲೋಪವಾಗುತ್ತದೆ, ಅಭಂಗ ಹಾಡುವಾಗ ಅದು ಉಳಿಯುತ್ತದೆ. ದಾಸಬೋಧದ ಕ್ರಿಯಾರೂಪಗಳು ಹದಿನೇಳನೆಯ ಶತಮಾನದವು. ಭಜನೆಯೊಂದನ್ನೇ ನಂಬಿದವನು ಸೊಲ್ಲಾಪುರದ ಅಡತಿ ಅಂಗಡಿಯಲ್ಲಿ ಕೊನೆಯ ಸ್ವರಗಳನ್ನೆಲ್ಲ ಎಳೆದು ವ್ಯಾಪಾರ ಮಾಡಬೇಕಾದೀತು. ಪದ್ಯದ ನುಡಿಯೇ ಬೇರೆ ಎಂಬ ದೂರು ಅಷ್ಟರ ಮಟ್ಟಿಗೆ ನಿಲ್ಲುತ್ತದೆ. ಆದರೆ ಅದು ಆರಿಸಿಕೊಂಡ ಪಾಠದ ಮೇಲಿನ ದೂರು, ಹಿಂದೆಯೇ ನುಡಿಯುವ ಅಭ್ಯಾಸದ ಮೇಲಿನದಲ್ಲ.

ಅದೇ ಬಿಜಾಪುರ ಪ್ರದೇಶದ ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಬಗ್ಗೆ ಇಲ್ಲಿ ಸಂಕ್ಷಿಪ್ತವಾಗಿ ಹೇಳಿದರೆ ಸಾಕು. ಇಂಡಿಯಲ್ಲಿರುವಂತೆ ಮರಾಠಿ ಇಲ್ಲಿ ನೆರೆಯ ಭಾಷೆಯಲ್ಲ. ಪೂರ್ವದ ಗಡಿಯಾಚೆ 1948ರವರೆಗೆ ನಿಜಾಮನ ರಾಜ್ಯವಿದ್ದು ಅಲ್ಲಿಯ ದಫ್ತರದ ಭಾಷೆ ಉರ್ದುವಾಗಿತ್ತು. ಈ ತಾಲೂಕುಗಳ ತಾಂಡಾಗಳಲ್ಲಿ ಲಂಬಾಣಿ ಮನೆಮಾತಿನ ಮಗುವಿಗೆ ಶಾಲೆಯ ಕನ್ನಡವೇ ಎರಡನೆಯ ನುಡಿ, ಮತ್ತು ತರಗತಿಯಲ್ಲಿ ಎಲ್ಲರೊಡನೆ ಕೂಗಿ ಹೇಳುವ ಮಗ್ಗಿಯೂ ಪದ್ಯವೂ ಅದಕ್ಕೆ ತಪ್ಪಿನ ನಾಚಿಕೆಯಿಲ್ಲದೆ ಬಾಯಿ ಬಿಡಲು ಸಿಗುವ ಅವಕಾಶ. ಜನಗಣತಿಯು ಲಂಬಾಣಿಯನ್ನು ಹಿಂದಿಯ ಲೆಕ್ಕದಲ್ಲಿ ಸೇರಿಸುವುದರಿಂದ, ಇಂಥ ಮಕ್ಕಳು ಎರಡನೆಯ ನುಡಿ ಕಲಿಯುತ್ತಿದ್ದಾರೆಂಬುದೇ ಅಂಕಿಸಂಖ್ಯೆಗಳನ್ನು ಮಾತ್ರ ಓದುವ ಪಂಡಿತರ ಕಣ್ಣಿಗೆ ಬೀಳುವುದಿಲ್ಲ.

ಆಕರಗಳ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. ಇದೇ ಇಂಡಿ ಸೀಮೆಯ ಹಲಸಂಗಿಯಲ್ಲಿ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದ ಗೆಳೆಯರು ಸಂಗ್ರಹಿಸಿ 1931ರಲ್ಲಿ ‘ಗರತಿಯ ಹಾಡು’ ಎಂದು ಹೊರತಂದ ತ್ರಿಪದಿಗಳು ಅಚ್ಚಿನಲ್ಲಿ ಮೂರೇ ಸಾಲಿನವು. ಬೀಸುಕಲ್ಲಿನ ಮುಂದೆ ಹಾಡುವಾಗ ಎರಡನೆಯ ಸಾಲು ಮರುಕಳಿಸಿ ನಾಲ್ಕಾಗುತ್ತವೆ, ಒಬ್ಬಳು ಎತ್ತಿಕೊಟ್ಟದ್ದನ್ನು ಎದುರು ಕುಳಿತವಳು ಹಿಡಿಯುತ್ತಾಳೆ. ಸಂಗ್ರಾಹಕರು ಮರುಕಳಿಕೆಯನ್ನು ಬಿಟ್ಟದ್ದು ಛಂದಸ್ಸಿನ ದೃಷ್ಟಿಯಿಂದ ಸರಿಯೇ. ಆ ಗೆಳೆಯರ ಗುಂಪು ಇಲ್ಲದಿದ್ದರೆ ಮೂರು ಸಾಲುಗಳೂ ಉಳಿಯುತ್ತಿರಲಿಲ್ಲ. ಆದರೆ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ಮಾತು ದಾಟುವ ಬಗೆಯನ್ನು ಹುಡುಕುವವರಿಗೆ ಅಚ್ಚಿನ ಪುಟ ಸಾಲದು. ಬಿಟ್ಟುಹೋದ ಆ ನಾಲ್ಕನೆಯ ಸಾಲೇ ಅವರ ಆಕರ, ಅದನ್ನು ಹಾಡುವವರಿಂದಲೇ ಕೇಳಿ ಬರೆದುಕೊಳ್ಳಬೇಕು.