ಜಿ. ಆರ್. ವಿಶ್ವನಾಥ್ ಮತ್ತು ಕೀರ್ತಿಯ ಅಳತೆಗೋಲು

ಹತ್ತಿಮತ್ತೂರು, ಸವಣೂರು, ಹಾನಗಲ್ಲು, ಹಿರೇಕೆರೂರು ಸೀಮೆಯ ವಿದ್ಯಾರ್ಥಿಗಳಿಗೆ ವೀರಗಲ್ಲು ಹೊಸದಲ್ಲ. ಗುಡಿಯ ಅಂಗಳದಲ್ಲಿ, ಕೆರೆಯ ಏರಿಯ ಮೇಲೆ, ಒಮ್ಮೊಮ್ಮೆ ಹೊಲದ ಬದುವಿನಲ್ಲಿ ಅರ್ಧ ಹೂತುಹೋಗಿ ಅದು ನಿಂತಿರುತ್ತದೆ. ಹಾನಗಲ್ಲಿನ ತಾರಕೇಶ್ವರ ದೇವಾಲಯಕ್ಕೆ ಹೋದವರು ಅಲ್ಲಿಯ ವೀರಗಲ್ಲುಗಳ ಮುಂದೆಯೂ ನಿಂತು ಬಂದಿರುತ್ತೀರಿ. ಸಾಮಾನ್ಯವಾಗಿ ಇಂಥ ಕಲ್ಲಿನ ಕೆಳಗಿನ ಹಂತದಲ್ಲಿ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗದ ಸನ್ನಿಧಿ. ಬರಹವಿದ್ದರೆ ಅದರಲ್ಲಿ ತುರುಗೋಳಿನ ಸುದ್ದಿ ಇರುತ್ತದೆ, ಅಂದರೆ ಊರಿನ ದನಗಳನ್ನು ಹೊಡೆದುಕೊಂಡು ಹೋದವರ ಮೇಲೆ ಬಿದ್ದು ಸತ್ತವನ ಸುದ್ದಿ. ಇಲ್ಲವೇ ಊರಳಿವು, ಪೆಣ್ಬುಯ್ಯಲು.

ಗಮನಿಸಬೇಕಾದ ಸಂಗತಿ ಒಂದಿದೆ. ಆತ ಜೀವಮಾನದಲ್ಲಿ ಎಷ್ಟು ಕಾಳಗ ಮಾಡಿದ, ಎಷ್ಟರಲ್ಲಿ ಗೆದ್ದ ಎಂಬ ಲೆಕ್ಕ ಆ ಕಲ್ಲಿನ ಮೇಲೆ ಇರುವುದಿಲ್ಲ. ಒಂದು ದಿನ ಊರಿಗೆ ಆಪತ್ತು ಬಂದಿತು, ಈತ ಎದುರು ನಿಂತ ಎಂಬುದಷ್ಟೇ ಅಲ್ಲಿಯ ದಾಖಲೆ.

ಕಲ್ಲಿನಿಂದ ಕ್ರಿಕೆಟ್ಟಿಗೆ ಬರುತ್ತಿರುವುದು ವಿಚಿತ್ರವೆನಿಸಬಹುದು. ಆದರೆ ಯಾರ ಹೆಸರನ್ನು ಮುಂದಿನ ತಲೆಮಾರಿಗೆ ಉಳಿಸಬೇಕು, ಅದನ್ನು ಯಾವ ಅಳತೆಯಿಂದ ತೀರ್ಮಾನಿಸಬೇಕು ಎಂಬ ಪ್ರಶ್ನೆ ಎರಡೂ ಕಡೆ ಒಂದೇ. ಕ್ರೀಡಾಲೋಕದಲ್ಲಿ ಈ ಕೆಲಸವನ್ನು ‘ಹಾಲ್ ಆಫ್ ಫೇಮ್’ ಎಂಬ ಸಂಸ್ಥೆಗಳು ಮಾಡುತ್ತವೆ. ಅಮೆರಿಕದ ಬೇಸ್‌ಬಾಲ್ ಆಟದವರು 1936ರಲ್ಲಿ ಮೊದಲ ಐವರನ್ನು ಆರಿಸಿದರು. ಅಲ್ಲಿಯ ಫುಟ್‌ಬಾಲಿನವರು 1963ರಲ್ಲಿ ಒಹಾಯೊ ರಾಜ್ಯದ ಕ್ಯಾಂಟನ್ ಊರಿನಲ್ಲಿ ತಮ್ಮ ಕೀರ್ತಿಭವನ ತೆರೆದರು. ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ, ಅಂದರೆ ಐಸಿಸಿ, ತನ್ನ ಶತಮಾನೋತ್ಸವದ ಸಂದರ್ಭದಲ್ಲಿ 2009ರ ಜನವರಿಯಲ್ಲಿ ಇದನ್ನು ಆರಂಭಿಸಿತು. ಮೊದಲ ಪಟ್ಟಿಯ 55 ಮಂದಿಯಲ್ಲಿ ಭಾರತದವರು ಮೂವರು: ಬಿಷನ್ ಸಿಂಗ್ ಬೇಡಿ, ಸುನಿಲ್ ಗಾವಸ್ಕರ್, ಕಪಿಲ್ ದೇವ್. ನಮ್ಮ ಅನಿಲ್ ಕುಂಬ್ಳೆ 2015ರಲ್ಲಿ, ರಾಹುಲ್ ದ್ರಾವಿಡ್ 2018ರಲ್ಲಿ ಸೇರಿದರು. ಆ ಬಳಿಕ ತೆಂಡೂಲ್ಕರ್, ವಿನೂ ಮಂಕಡ್, ಸೆಹ್ವಾಗ್, ಡಯಾನಾ ಎಡುಲ್ಜಿ, ನೀತು ಡೇವಿಡ್, ಮತ್ತು 2025ರಲ್ಲಿ ಧೋನಿ.

2025ರವರೆಗಿನ ಈ ಪಟ್ಟಿಯಲ್ಲಿ ಗುಂಡಪ್ಪ ರಂಗನಾಥ ವಿಶ್ವನಾಥ್ ಅವರ ಹೆಸರಿಲ್ಲ.

ಮೊದಲು ವಿರುದ್ಧ ಪಕ್ಷದ ವಾದವನ್ನು ನ್ಯಾಯವಾಗಿ ಕೇಳೋಣ. ಐಸಿಸಿ ಇಟ್ಟುಕೊಂಡ ಮಾನದಂಡದ ಪ್ರಕಾರ ಬ್ಯಾಟ್ಸ್‌ಮನ್ ಆದವನು ಟೆಸ್ಟ್ ಅಥವಾ ಏಕದಿನ ಕ್ರಿಕೆಟ್ಟಿನಲ್ಲಿ 8,000 ರನ್ ಮತ್ತು 20 ಶತಕ ಗಳಿಸಿರಬೇಕು. ಇಲ್ಲವೇ ಸರಾಸರಿ 50ನ್ನು ಮೀರಿರಬೇಕು. ವಿಶ್ವನಾಥ್ ಆಡಿದ್ದು 91 ಟೆಸ್ಟ್, ಗಳಿಸಿದ್ದು 6,080 ರನ್, 14 ಶತಕ, ಸರಾಸರಿ 41.93. ಅವರ ಜೊತೆಗಾರ, ಸಂಬಂಧದಲ್ಲಿ ಭಾವಮೈದುನನೂ ಆದ ಗಾವಸ್ಕರ್ ಅವರದು 125 ಟೆಸ್ಟ್, 10,122 ರನ್, 34 ಶತಕ, 51.12 ಸರಾಸರಿ. ಅಂಕಿಗಳನ್ನು ಅಕ್ಕಪಕ್ಕ ಇಟ್ಟರೆ ವಾದ ಅಲ್ಲಿಗೇ ಮುಗಿದಂತೆ ಕಾಣುತ್ತದೆ. ಇನ್ನೊಂದು ಮಾತೂ ಇದೆ: 14 ಶತಕಗಳಲ್ಲಿ ಹತ್ತು ಬಂದದ್ದು ಭಾರತದ ನೆಲದಲ್ಲಿ, ಹೊರಗೆ ನಾಲ್ಕೇ. ಅಭಿಮಾನಿಗಳು ಇದನ್ನು ಮರೆಮಾಚುವುದು ಸರಿಯಲ್ಲ.

ಇನ್ನು ಇತಿಹಾಸಕ್ಕೆ ಬರೋಣ. ವಿಶ್ವನಾಥ್ 1949ರ ಫೆಬ್ರವರಿ 12ರಂದು ಭದ್ರಾವತಿಯಲ್ಲಿ ಹುಟ್ಟಿದರು. ಕುಳ್ಳಗಿನ ಆಳು. ಮೈಸೂರು ತಂಡದ ಪರವಾಗಿ 1967ರಲ್ಲಿ ವಿಜಯವಾಡದಲ್ಲಿ ಆಂಧ್ರದ ವಿರುದ್ಧ ಆಡಿದ ತಮ್ಮ ಮೊದಲ ಪ್ರಥಮದರ್ಜೆ ಪಂದ್ಯದಲ್ಲಿಯೇ 230 ರನ್ ಹೊಡೆದರು. ಎರಡು ವರ್ಷದ ನಂತರ, 1969ರ ನವೆಂಬರ್‌ನಲ್ಲಿ, ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ಮೊದಲ ಟೆಸ್ಟ್: ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137.

ಕರ್ನಾಟಕಕ್ಕೆ ಅವರು ಏನಾಗಿದ್ದರು ಎಂಬುದನ್ನು ತಿಳಿಯಲು 1974ರ ಮಾರ್ಚ್‌ಗೆ ಹೋಗಬೇಕು. ಬೊಂಬಾಯಿ ತಂಡ ಆಗ ಸತತವಾಗಿ 15 ವರ್ಷ ರಣಜಿ ಟ್ರೋಫಿಯನ್ನು ಗೆದ್ದಿತ್ತು. ನಮ್ಮ ರಾಜ್ಯಕ್ಕೆ ‘ಕರ್ನಾಟಕ’ ಎಂಬ ಹೆಸರು ಬಂದು ಆರು ತಿಂಗಳೂ ತುಂಬಿರಲಿಲ್ಲ. ಬೆಂಗಳೂರಿನ ಸೆಮಿಫೈನಲ್‌ನಲ್ಲಿ ಪ್ರಸನ್ನ ನಾಯಕತ್ವದ ತಂಡ ಮೊದಲ ಇನ್ನಿಂಗ್ಸಿನ ಮುನ್ನಡೆಯಿಂದ ಬೊಂಬಾಯಿಯನ್ನು ಹೊರಗಟ್ಟಿತು. ವಿಶ್ವನಾಥ್ 162, ಬ್ರಿಜೇಶ್ ಪಟೇಲ್ 106. ಫೈನಲ್‌ನಲ್ಲಿ ರಾಜಸ್ಥಾನವನ್ನು ಸೋಲಿಸಿ ರಾಜ್ಯ ಮೊದಲ ಬಾರಿಗೆ ಟ್ರೋಫಿ ತಂದಿತು.

ಆದರೆ ನಮ್ಮ ವಾದ ನಿಲ್ಲಬೇಕಾದದ್ದು 1975ರ ಜನವರಿಯ ಮದರಾಸಿನ ಮೇಲೆ. ಕ್ಲೈವ್ ಲಾಯ್ಡ್ ಅವರ ವೆಸ್ಟ್ ಇಂಡೀಸ್ ತಂಡ ಮೊದಲ ಎರಡು ಟೆಸ್ಟ್‌ಗಳನ್ನು ಗೆದ್ದಿತ್ತು. ಕಲ್ಕತ್ತೆಯ ಮೂರನೆಯ ಟೆಸ್ಟನ್ನು ಭಾರತ ಗೆದ್ದಿತ್ತು. ಅಲ್ಲಿಯೂ ವಿಶ್ವನಾಥ್ ಎರಡನೆಯ ಇನ್ನಿಂಗ್ಸಿನಲ್ಲಿ 139 ಹೊಡೆದಿದ್ದರು. ಚೆಪಾಕ್‌ನ ಪಿಚ್ಚಿನಲ್ಲಿ ಆ್ಯಂಡಿ ರಾಬರ್ಟ್ಸ್ ಎಂಬ ವೇಗದ ಬೌಲರ್ ಚೆಂಡನ್ನು ಎದೆಯ ಎತ್ತರಕ್ಕೆ ಏರಿಸುತ್ತಿದ್ದ. ಹೆಲ್ಮೆಟ್ ಇಲ್ಲದ ಕಾಲ. ಒಂದು ಕಡೆ ವಿಕೆಟ್‌ಗಳು ಬೀಳುತ್ತಲೇ ಹೋದವು. ಇನ್ನೊಂದು ಕಡೆ ವಿಶ್ವನಾಥ್ ಸ್ಕ್ವೇರ್ ಕಟ್, ಫ್ಲಿಕ್ ಮಾಡುತ್ತ, ತಮ್ಮ ಮಣಿಕಟ್ಟನ್ನೇ ನಂಬಿ ನಿಂತರು. ಕೊನೆಗೆ ಬೇಡಿ 14 ರನ್ ಮಾಡಿ ಜೊತೆ ಕೊಟ್ಟರು. ಕೊನೆಯವರಾದ ಚಂದ್ರಶೇಖರ್ ಗಳಿಸಿದ್ದು ಒಂದೇ ರನ್ನು. ಆದರೂ ಅವರು ನಿಂತರು, ಅದೇ ದೊಡ್ಡದು. ಭಾರತದ ಮೊತ್ತ 190. ಅದರಲ್ಲಿ ವಿಶ್ವನಾಥ್ ಅಜೇಯ 97. ರಾಬರ್ಟ್ಸ್ 64 ರನ್ನಿಗೆ 7 ವಿಕೆಟ್.

ಆ 190 ಸಾಕಾಯಿತು. ವೆಸ್ಟ್ ಇಂಡೀಸ್ 192ಕ್ಕೆ ಮುಗಿಯಿತು; ಪ್ರಸನ್ನ ಐದು ವಿಕೆಟ್ ತೆಗೆದರು. ಭಾರತ ಪಂದ್ಯವನ್ನು 100 ರನ್‌ಗಳಿಂದ ಗೆದ್ದು ಸರಣಿಯನ್ನು 2–2 ಮಾಡಿತು. ಬೊಂಬಾಯಿಯ ಕೊನೆಯ ಟೆಸ್ಟಿನಲ್ಲಿ ಸರಣಿ ಕೈತಪ್ಪಿತು ನಿಜ, ಅಲ್ಲಿಯೂ ವಿಶ್ವನಾಥ್ 95 ಹೊಡೆದಿದ್ದರು. 2001ರಲ್ಲಿ ವಿಸ್ಡನ್ ಸಿದ್ಧಪಡಿಸಿದ ನೂರು ಶ್ರೇಷ್ಠ ಇನ್ನಿಂಗ್ಸ್‌ಗಳ ಪಟ್ಟಿಯಲ್ಲಿ ಚೆಪಾಕ್‌ನ ಈ 97ಕ್ಕೆ 38ನೆಯ ಸ್ಥಾನ ಸಿಕ್ಕಿತು. ಶತಕಗಳನ್ನು ಎಣಿಸುವ ಮಾನದಂಡದಲ್ಲಿ ಮಾತ್ರ ಇದು ಲೆಕ್ಕಕ್ಕೇ ಬರುವುದಿಲ್ಲ! ಮೂರು ರನ್ ಕಡಿಮೆ.

ಶತಕಗಳ ಮಾತು ಬಂದಿತು. ಅವನ್ನೂ ಬಿಡಿಸಿ ನೋಡೋಣ. ವಿಶ್ವನಾಥ್ ಶತಕ ಹೊಡೆದ 14 ಟೆಸ್ಟ್‌ಗಳಲ್ಲಿ ಭಾರತ ಒಂದನ್ನೂ ಸೋಲಲಿಲ್ಲ. ನಾಲ್ಕು ಗೆಲುವು, ಹತ್ತು ಡ್ರಾ. ಕಲ್ಕತ್ತೆಯನ್ನು ಆಗಲೇ ಹೇಳಿದೆ. 1976ರಲ್ಲಿ ಪೋರ್ಟ್ ಆಫ್ ಸ್ಪೇನ್‌ನಲ್ಲಿ 403 ರನ್ನಿನ ಗುರಿ. ಗಾವಸ್ಕರ್ 102, ಮೊಹಿಂದರ್ ಅಮರನಾಥ್ 85, ವಿಶ್ವನಾಥ್ 112. ನಾಲ್ಕೇ ವಿಕೆಟ್ ಕಳೆದುಕೊಂಡು ಭಾರತ ಗೆದ್ದಿತು. 1979ರಲ್ಲಿ ಮತ್ತೆ ಮದರಾಸು, ತಂಡದ 255ರಲ್ಲಿ ಅವರದೇ 124. ಆ ಸರಣಿಯಲ್ಲಿ ಫಲಿತಾಂಶ ಬಂದದ್ದು ಆ ಟೆಸ್ಟಿಗೆ ಮಾತ್ರ. (ಪ್ಯಾಕರ್ ಸರಣಿಗೆ ಹೋದ ಆಟಗಾರರಿಲ್ಲದೆ ವೆಸ್ಟ್ ಇಂಡೀಸ್ ಆಗ ಸೊರಗಿತ್ತು ಎಂಬುದನ್ನೂ ಹೇಳಬೇಕು.) 1981ರ ಮೆಲ್ಬರ್ನ್‌ನಲ್ಲಿ ತಂಡದ 237ರಲ್ಲಿ 114. ಕಪಿಲ್ ದೇವ್ ಗಾಯಗೊಂಡ ಕಾಲಿನಲ್ಲಿಯೇ ಬೌಲಿಂಗ್ ಮಾಡಿ ಆಸ್ಟ್ರೇಲಿಯವನ್ನು 83ಕ್ಕೆ ಉರುಳಿಸಿದ್ದನ್ನು ಎಲ್ಲರೂ ನೆನೆಯುತ್ತಾರೆ, ನೆನೆಯಬೇಕಾದದ್ದೇ; ಆದರೆ ಮೊದಲ ಇನ್ನಿಂಗ್ಸಿನ ಆ 114 ಇಲ್ಲದಿದ್ದರೆ ಕಪಿಲ್‌ಗೆ ಕಾಪಾಡಲು ಏನಿತ್ತು?

ಹೀಗೆ ಯಾವಾಗ ಹೊಡೆದರು, ಯಾರ ಎದುರು ಹೊಡೆದರು ಎಂಬುದನ್ನು ಸರಾಸರಿ ಹೇಳಲಾರದು. ಸುಲಭದ ಪಿಚ್ಚಿನ ಮೇಲಿನ ಅಲಸ ಮಧ್ಯಾಹ್ನದ ರನ್ನಿಗೂ ಚೆಪಾಕ್‌ನ ರನ್ನಿಗೂ ಅದರಲ್ಲಿ ಒಂದೇ ಬೆಲೆ.

ಬೇರೆ ಆಟದವರು ಈ ತೊಡಕನ್ನು ಹೇಗೆ ಬಿಡಿಸಿದ್ದಾರೆ? ಅಮೆರಿಕದ ಫುಟ್‌ಬಾಲಿನಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬಾತ ಚೆಂಡನ್ನು ಎಸೆದು ತಂಡದ ದಾಳಿಯನ್ನು ನಡೆಸುವವನು. ಜೋ ನೇಮತ್ ಎಂಬ ಕ್ವಾರ್ಟರ್‌ಬ್ಯಾಕ್‌ನ ಎಸೆತಗಳಿಂದ ತಂಡಕ್ಕೆ ದೊರೆತ ಟಚ್‌ಡೌನ್ 173. ಎದುರಾಳಿ ನಡುವೆಯೇ ಹಿಡಿದುಕೊಂಡ ಎಸೆತ 220. ಲಾಭಕ್ಕಿಂತ ನಷ್ಟವೇ ಹೆಚ್ಚು ಎಂದು ಲೆಕ್ಕಿಗರು ಹೇಳಬಹುದು. ಆದರೂ 1985ರಲ್ಲಿ ಆತನನ್ನು ಕ್ಯಾಂಟನ್‌ನ ಭವನಕ್ಕೆ ಸೇರಿಸಿಕೊಂಡರು. 1969ರ ಜನವರಿಯಲ್ಲಿ, ಗೆಲ್ಲುವುದೇ ಇಲ್ಲ ಎಂದು ಎಲ್ಲರೂ ಬರೆದಿಟ್ಟಿದ್ದ ನ್ಯೂಯಾರ್ಕ್ ಜೆಟ್ಸ್ ತಂಡ ಆತನ ಮುಂದಾಳುತನದಲ್ಲಿ ಬಾಲ್ಟಿಮೋರ್ ಕೋಲ್ಟ್ಸ್‌ ಅನ್ನು 16–7ರಿಂದ ಸೋಲಿಸಿತ್ತು.

ಅಷ್ಟು ದೂರವೂ ಹೋಗಬೇಕಾಗಿಲ್ಲ. ಐಸಿಸಿಯೇ 2021ರಲ್ಲಿ ವಿನೂ ಮಂಕಡ್ ಅವರನ್ನು ಸೇರಿಸಿತಲ್ಲ! 44 ಟೆಸ್ಟ್, 2,109 ರನ್, 162 ವಿಕೆಟ್; ರನ್ನಿನ ಮಾನದಂಡವನ್ನೂ ಮುಟ್ಟುವುದಿಲ್ಲ, 200 ವಿಕೆಟ್ಟಿನ ಮಾನದಂಡವನ್ನೂ ಮುಟ್ಟುವುದಿಲ್ಲ. ಮಂಕಡ್ ಎಂದೊಡನೆ ನೆನಪಿಗೆ ಬರುವುದು 1952ರ ಲಾರ್ಡ್ಸ್: 72 ಮತ್ತು 184 ರನ್, ನಡುವೆ 73 ಓವರ್ ಬೌಲಿಂಗ್, ಐದು ವಿಕೆಟ್. ಪಂದ್ಯವನ್ನು ಭಾರತ ಸೋತಿತು. ಅಕ್ಷರಶಃ ವೀರಗಲ್ಲಿನ ಕಥೆ. ಅವರನ್ನು ಸೇರಿಸಿದ್ದು ಸರಿಯಾದರೆ, ಮತ್ತು ಸರಿಯೇ, ವಿಶ್ವನಾಥ್ ಎದುರು ಅಂಕಿಗಳ ಬಾಗಿಲು ಮುಚ್ಚುವುದು ಹೇಗೆ?

ಕನ್ನಡದಲ್ಲಿ ವಿಶ್ವನಾಥ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ 1980ರ ಫೆಬ್ರವರಿಯ ಬೊಂಬಾಯಿ ಸುವರ್ಣ ಮಹೋತ್ಸವ ಟೆಸ್ಟಿನಿಂದ ವಾದ ಕಟ್ಟುತ್ತಾರೆ. ಅಂದು ವಿಶ್ವನಾಥ್ ನಾಯಕ. ಇಂಗ್ಲೆಂಡ್ 58ಕ್ಕೆ 5 ವಿಕೆಟ್ ಕಳೆದುಕೊಂಡು ತತ್ತರಿಸಿತ್ತು. ಆ ಮೇಲೆ ಬಾಬ್ ಟೇಲರ್ ಅವರನ್ನು ಅಂಪೈರ್ ಔಟ್ ಎಂದರು. ಚೆಂಡು ಬ್ಯಾಟಿಗೆ ತಾಗಿಲ್ಲವೆಂದು ಮನಗಂಡ ವಿಶ್ವನಾಥ್ ಅವರನ್ನು ಮರಳಿ ಕರೆದರು. ಟೇಲರ್ ಮತ್ತು ಬೋಥಮ್ ಜೊತೆಯಾಗಿ 171 ರನ್ ಸೇರಿಸಿದರು. ಬೋಥಮ್ ಶತಕದ ಜೊತೆಗೆ 13 ವಿಕೆಟ್ಟೂ ತೆಗೆದರು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ಇದು ಸಜ್ಜನಿಕೆಯ ದೊಡ್ಡ ಉದಾಹರಣೆ, ಪಾಠದಲ್ಲಿ ಹೇಳಬೇಕಾದದ್ದು. ಆದರೆ ನನ್ನ ಅಭಿಪ್ರಾಯದಲ್ಲಿ ಇದನ್ನು ಅವರ ಹಕ್ಕಿನ ಮೊದಲ ಸಾಲಾಗಿ ಮುಂದಿಡುವುದು ಅವರಿಗೇ ಅನ್ಯಾಯ. ಒಳ್ಳೆಯ ಮನುಷ್ಯ ಎಂದು ಹೊಗಳುತ್ತ ಹೊಗಳುತ್ತ ನಾವು ಅವರ ಬ್ಯಾಟನ್ನು ಮರೆಯುತ್ತೇವೆ.

ಭಾರತದ ಮಂಡಳಿ ಸಿ. ಕೆ. ನಾಯುಡು ಜೀವಮಾನ ಸಾಧನೆಯ ಪ್ರಶಸ್ತಿಯನ್ನು ವಿಶ್ವನಾಥ್ ಅವರಿಗೆ ಕೊಟ್ಟಿತು. ಐಸಿಸಿಯ ಹೊಸ್ತಿಲಲ್ಲಿ ಅವರೊಬ್ಬರೇ ಇಲ್ಲ. ಚೆಪಾಕ್‌ನಲ್ಲಿ ಒಂದು ರನ್ ಮಾಡಿ ಕೊನೆಯವರೆಗೆ ಜೊತೆ ನಿಂತ, ಪೋಲಿಯೊ ತಾಗಿದ ಬಲಗೈಯಿಂದಲೇ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ತೆಗೆದ ಭಾಗವತ್ ಚಂದ್ರಶೇಖರ್ ಇದ್ದಾರೆ; ಅದೇ ಪಂದ್ಯದಲ್ಲಿ ವೆಸ್ಟ್ ಇಂಡೀಸನ್ನು ಕಟ್ಟಿಹಾಕಿದ, 49 ಟೆಸ್ಟ್‌ಗಳಲ್ಲಿ 189 ವಿಕೆಟ್ ಪಡೆದ ಪ್ರಸನ್ನ ಇದ್ದಾರೆ. 1975ರ ಜನವರಿಯಲ್ಲಿ ಮದರಾಸಿನ ಪಂದ್ಯವನ್ನು ಗೆಲ್ಲಿಸಿದ ಆ ಮೂವರು ಕನ್ನಡಿಗರ ಹೆಸರೂ 2025ರ ಪಟ್ಟಿಯ ಹೊರಗೆ ಉಳಿದಿದ್ದವು.